ಬಂಕರ್ ಕ್ಯಾಮೆರಾದ ಬಿಳಿ ಚುಕ್ಕಿ

‘ಸರ್, ಮಾನಿಟರ್‌ನ್ಯಾಗ ರವಾ ಚೆಲ್ಲಿದಂಗ ಕಾಣಾಕತ್ತೇತ್ರಿ’ ಎಂದು ನಮ್ಮ ಟೆಕ್ನಾಲಜಿಸ್ಟ್ ಕರೆದರೆ, ಇನ್ನೊಂದು ಕ್ಯಾಮೆರಾದ ಆಯುಷ್ಯ ಮುಗಿಯುತ್ತ ಬಂತು ಎಂದೇ ಅರ್ಥ. ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಕೊಡುವ ಲೀನಿಯರ್ ಆಕ್ಸಲರೇಟರ್‌ನ ದೇಖರೇಖಿ ನನ್ನದು. ಅದಿರುವ ದಪ್ಪ ಕಾಂಕ್ರೀಟ್ ಗೋಡೆಯ ಕೋಣೆಗೆ ಬಂಕರ್ ಅನ್ನುತ್ತೇವೆ. ಕಿರಣ ಬಿಟ್ಟಾಗ ಒಳಗೆ ರೋಗಿ ಒಬ್ಬರೇ ಇರುತ್ತಾರೆ. ಆ ಹೊತ್ತಿನಲ್ಲಿ ಸಿಸಿಟಿವಿಯೇ ನಮಗೆ ಕಣ್ಣು.

ಆ ಚುಕ್ಕಿ ಧೂಳಲ್ಲ, ಲೆನ್ಸ್ ಎಷ್ಟು ಒರೆಸಿದರೂ ಹೋಗುವುದಿಲ್ಲ. 15 ಎಂವಿ (ಮೆಗಾವೋಲ್ಟ್, ಕಿರಣದ ಶಕ್ತಿಯ ಅಳತೆ) ಕಿರಣ ಬಳಸಿದಾಗ ಯಂತ್ರದ ತಲೆಯಲ್ಲಿರುವ ಟಂಗ್‌ಸ್ಟನ್, ಸೀಸದಂಥ ಭಾರಲೋಹಗಳಿಂದ ನ್ಯೂಟ್ರಾನ್‌ಗಳು ಹೊರಬೀಳುತ್ತವೆ. ಅವು ಕೋಣೆ ತುಂಬ ಅಡ್ಡಾಡುತ್ತವೆ. ಕ್ಯಾಮೆರಾ ಸೆನ್ಸರ್‌ನ ಸಿಲಿಕಾನ್ ಪರಮಾಣುವಿಗೆ ಒಂದು ನ್ಯೂಟ್ರಾನ್ ಗುದ್ದಿತೆಂದರೆ ಆ ಪರಮಾಣು ಜಾಗ ಬಿಟ್ಟು ಸರಿಯುತ್ತದೆ. ಹಾಗೆ ಕಿತ್ತುಹೋದ ಕಡೆ ಬೆಳಕು ಬೀಳದಿದ್ದರೂ ಕರೆಂಟ್ ಸೋರುತ್ತದೆ, ಸೋರಿದಲ್ಲಿ ಬಿಳಿ ಚುಕ್ಕಿ ಕಾಣುತ್ತದೆ. ಏಪ್ರಿಲ್‌ನಲ್ಲಿ ಬೆಳಿಗ್ಗೆ ಎಸಿ ಹಚ್ಚುವ ಮೊದಲು ನೋಡಿದರೆ ಚುಕ್ಕಿಗಳು ಜಾಸ್ತಿ. ಕೋಣೆ ತಣ್ಣಗಾದ ಮೇಲೆ ಕೆಲವು ಮಾಯವಾಗುತ್ತವೆ. ಸೆಕೆ ಏರಿದರೆ ಸೋರಿಕೆಯೂ ಏರುತ್ತದೆ, ಅದಕ್ಕೇ ಹೀಗೆ. ಒಳಗಿನ ಗಾಯ ಮಾತ್ರ ಇದ್ದಲ್ಲೇ ಇರುತ್ತದೆ.

ಅದೇ ಬಂಕರ್‌ನಲ್ಲಿ ಇನ್ನೊಂದು ತಕರಾರು ನನ್ನನ್ನು ಬಹಳ ದಿನ ಸತಾಯಿಸಿತು. ಕ್ಯಾಮೆರಾದ ಚಿತ್ರವನ್ನು ನೆಟ್‌ವರ್ಕ್‌ಗೆ ಕಳಿಸುವ ಸಣ್ಣ ಡಬ್ಬಿ ಆಗಾಗ ಹ್ಯಾಂಗ್ ಆಗುತ್ತಿತ್ತು. ಆಫ್ ಮಾಡಿ ಆನ್ ಮಾಡಿದರೆ ಸರಿ. ಲಾಗ್ ಬುಕ್‌ನಲ್ಲಿ ನಾನೂ ‘ರೀಸ್ಟಾರ್ಟ್ ಮಾಡಿದೆ, ಓಕೆ’ ಎಂದು ಬರೆದು ಮುಂದಿನ ಕೆಲಸಕ್ಕೆ ಹೋಗುತ್ತಿದ್ದೆ. ಅಡಾಪ್ಟರ್ ಬದಲಿಸಿದೆ, ಅರ್ಥಿಂಗ್ ನೋಡಿದೆ, ಯುಪಿಎಸ್ ಲೈನಿಗೆ ಹಾಕಿದೆ. ಯಾವುದೂ ನಾಟಲಿಲ್ಲ. ಕೊನೆಗೆ ಪ್ರತಿ ಸಲ ಅದು ನಿಂತ ವೇಳೆಯನ್ನೂ ಆಗ ನಡೆದಿದ್ದ ಕಿರಣದ ಶಕ್ತಿಯನ್ನೂ ಬರೆದಿಡತೊಡಗಿದೆ. ಮೂರು ವಾರದ ಪುಟಗಳನ್ನು ತಿರುವಿದಾಗ ಕಣ್ಣಿಗೆ ಬಿತ್ತು: ನಿಂತದ್ದೆಲ್ಲ 15 ಎಂವಿ ಹೊತ್ತಿನಲ್ಲೇ, 6 ಎಂವಿ ಇದ್ದಾಗ ಒಮ್ಮೆಯೂ ಇಲ್ಲ. ಕೇಬಲ್ ಉದ್ದ ಮಾಡಿ ಡಬ್ಬಿಯನ್ನು ಕಂಟ್ರೋಲ್ ರೂಮಿಗೆ ತಂದಿಟ್ಟೆ. ಅಲ್ಲಿಗೆ ತಕರಾರು ನಿಂತಿತು.

ಇಲ್ಲಿ ಏನೂ ಮುರಿದಿರಲಿಲ್ಲ. ಮೆಮೊರಿಯ ಒಂದು ಕೋಶದಲ್ಲಿ 0 ಅಥವಾ 1 ಅಂದರೆ ಚಿಟಿಕೆಯಷ್ಟು ವಿದ್ಯುದಾವೇಶ. ಈಗಿನ ಸಣ್ಣ ಚಿಪ್‌ಗಳಲ್ಲಿ ಅದು ಕೆಲವೇ ಸಾವಿರ ಎಲೆಕ್ಟ್ರಾನ್‌ಗಳ ಲೆಕ್ಕ. ನ್ಯೂಟ್ರಾನ್ ಸಿಲಿಕಾನ್ ಪರಮಾಣುವನ್ನು ಒಡೆದಾಗ ಆಲ್ಫಾ ಕಣದಂಥ ಚೂರುಗಳು ಹಾರುತ್ತವೆ. 50 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಒಂದೇ ಒಂದು ಆಲ್ಫಾ ಕಣ ತಾನು ನಿಲ್ಲುವಷ್ಟರಲ್ಲಿ ಸುಮಾರು 14 ಲಕ್ಷ ಎಲೆಕ್ಟ್ರಾನ್‌ಗಳನ್ನು ಬಿಡಿಸುತ್ತದೆ. ಅದರಲ್ಲಿ ಅಲ್ಪ ಭಾಗ ಕೋಶದೊಳಗೆ ನುಗ್ಗಿದರೂ 0 ಇದ್ದದ್ದು 1 ಆಗುತ್ತದೆ. ಹೊಸದಾಗಿ ಬರೆದ ಕೂಡಲೇ ಕೋಶ ಮತ್ತೆ ಸರಿ. ಅದಕ್ಕೇ ರೀಸ್ಟಾರ್ಟ್ ಕೆಲಸ ಮಾಡುತ್ತದೆ, ಅದಕ್ಕೇ ಸಾಕ್ಷಿಯೂ ಅಳಿಸಿಹೋಗುತ್ತದೆ.

2003ರ ಮೇ 18ರಂದು ಬೆಲ್ಜಿಯಂನ ಸ್ಕಾರ್‌ಬೇಕ್‌ನಲ್ಲಿ ಚುನಾವಣಾ ಕಂಪ್ಯೂಟರ್ ಒಬ್ಬ ಅಭ್ಯರ್ಥಿಗೆ 4096 ಮತ ಹೆಚ್ಚಿಗೆ ತೋರಿಸಿತು. ಎರಡನ್ನು ಹನ್ನೆರಡು ಸಲ ಗುಣಿಸಿದರೆ ಬರುವ ಸಂಖ್ಯೆ ಅದು, ಅಂದರೆ ಎಣಿಕೆಯಲ್ಲಿ ಒಂದೇ ಒಂದು ಬಿಟ್, ಅಂದರೆ 0 ಅಥವಾ 1 ಇರುವ ಒಂದು ಮನೆ, ಮಗುಚಿತ್ತು. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣದ ಮೇಲೆ ಅನುಮಾನ ಹೋಯಿತು, ಸಾಬೀತಾಗಲಿಲ್ಲ. ಎತ್ತರಕ್ಕೆ ಏರಿದಷ್ಟೂ ಈ ಕಾಟ ಹೆಚ್ಚು. ವಿಮಾನಗಳು ಹಾರುವ 12 ಕಿಲೋಮೀಟರ್ ಎತ್ತರದಲ್ಲಿ, ಈ ಕಿರಣ ಗಾಳಿಗೆ ಬಡಿದು ಹುಟ್ಟುವ ನ್ಯೂಟ್ರಾನ್‌ಗಳು ಸಮುದ್ರಮಟ್ಟಕ್ಕಿಂತ ನೂರಾರು ಪಟ್ಟು. 2025ರ ಅಕ್ಟೋಬರ್ 30ರಂದು ಹಾರಾಟದಲ್ಲಿದ್ದ ಏರ್‌ಬಸ್ ಎ320 ವಿಮಾನವೊಂದರ ಮೂತಿ ಪೈಲಟ್ ಮಾಡದೆಯೇ ಕೆಳಗಿಳಿಯಿತು. ಸೂರ್ಯನಿಂದ ಬರುವ ತೀವ್ರ ವಿಕಿರಣ ನಿಯಂತ್ರಣ ಕಂಪ್ಯೂಟರ್‌ನ ಮಾಹಿತಿ ಕೆಡಿಸಬಹುದು ಎಂದು ಕಂಪನಿಯೇ ಹೇಳಿ, ಸುಮಾರು 6000 ವಿಮಾನಗಳನ್ನು ತುರ್ತಾಗಿ ಸರಿಪಡಿಸಬೇಕಾಯಿತು. ಬಹುಪಾಲು ವಿಮಾನಗಳಿಗೆ ಹಳೆಯ ಸಾಫ್ಟ್‌ವೇರ್ ಮರಳಿ ಹಾಕಿದ್ದೇ ಪರಿಹಾರ.

ಹಾಗಂತ ಮನೆಯ ಟಿವಿ ಕೆಟ್ಟರೆ ಮೊಬೈಲ್ ಟವರ್‌ನ ಮೇಲೆ ಹಾಕಬೇಡಿ. ಟವರ್‌ನ ರೇಡಿಯೋ ತರಂಗಕ್ಕೆ ಸಿಲಿಕಾನ್‌ನಿಂದ ಎಲೆಕ್ಟ್ರಾನ್ ಬಿಡಿಸುವಷ್ಟು ಶಕ್ತಿ ಇಲ್ಲ. ನಮ್ಮ ಕಡೆ ಉಪಕರಣ ಕೆಡುವುದು ಹೆಚ್ಚಾಗಿ ವೋಲ್ಟೇಜ್ ಏರಿಳಿತಕ್ಕೆ, ಧೂಳಿಗೆ, ಸಡಿಲ ವೈರಿಗೆ. ಅವನ್ನು ನೋಡದೆ ವಿಕಿರಣದ ಹೆಸರು ಎತ್ತುವುದೂ ತಪ್ಪೇ.

ಆದರೆ ಒಂದು ಕಡೆ ನಾನು ಯಾವ ಸಡಿಲಿಕೆಯನ್ನೂ ಒಪ್ಪುವುದಿಲ್ಲ. ಮುಧೋಳ ಕಡೆಯ ಅಜ್ಜ ಒಬ್ಬರು ಶ್ವಾಸಕೋಶದ ಚಿಕಿತ್ಸೆಗೆ ಬಂದಿದ್ದರು. ಸಿಟಿ ಟೇಬಲ್ ಮೇಲೆ ಅಂಗಿ ಬಿಚ್ಚಿದಾಗ ಎಡ ಕೊರಳೆಲುಬಿನ ಕೆಳಗೆ ಪುಟ್ಟ ಉಬ್ಬು ಕಂಡಿತು.

‘ಅಜ್ಜಾರ, ಇದೇನ್ರಿ?’

‘ಎದಿ ಮಶೀನ್ರಿ ಯಪ್ಪಾ. ನಾಕ್ ವರ್ಷ ಆತು.’

‘ಮೊದಲ ಯಾಕ ಹೇಳ್ಲಿಲ್ರಿ?’

‘ಎದಿ ಡಾಕ್ಟರ್ ಬ್ಯಾರೆ, ನೀವು ಬ್ಯಾರೆ ಅಲ್ರಿ.’

ಅವರದೇನೂ ತಪ್ಪಿಲ್ಲ, ಕೇಳುವುದು ನಮ್ಮ ಕೆಲಸ. ಹೃದಯದ ಬಡಿತ ಕಾಯುವ ಪೇಸ್‌ಮೇಕರ್ ಒಳಗಿರುವುದೂ ಒಂದು ಚಿಪ್ಪೇ. ನ್ಯೂಟ್ರಾನ್ ಬಡಿದರೆ ಅದು ತನ್ನಷ್ಟಕ್ಕೇ ರೀಸೆಟ್ ಆಗಬಹುದು, ನೇರ ಕಿರಣಕ್ಕೆ ಸಿಕ್ಕರೆ ಸರ್ಕ್ಯೂಟ್ ನಿಧಾನವಾಗಿ ಸವೆಯಬಹುದು. ಅಂದೇ ಹೃದ್ರೋಗ ವೈದ್ಯರಿಗೆ ಫೋನ್ ಹೋಯಿತು. 6 ಎಂವಿ ಕಿರಣವೇ ಸಾಕೆಂದು ತೀರ್ಮಾನವಾಯಿತು. ಕಿರಣದ ಕೋನಗಳನ್ನು ಬದಲಿಸಿ, ಒಟ್ಟು ಪ್ರಮಾಣ ಉಪಕರಣದ ಮೇಲೆ 2 ಗ್ರೇ (ಹೀರಿಕೊಂಡ ವಿಕಿರಣದ ಅಳತೆ) ದಾಟದಂತೆ ಪ್ಲಾನ್ ಮಾಡಿದೆವು. ಚಿಕಿತ್ಸೆಯ ಮೊದಲು, ನಡುವೆ, ಕೊನೆಗೆ ಪೇಸ್‌ಮೇಕರ್ ತಪಾಸಣೆ ಆಯಿತು. ನಿಮ್ಮ ಮನೆಯಲ್ಲಿ ಹಿರಿಯರಿಗೆ ಇಂಥ ಮಶೀನ್ ಇದ್ದರೆ, ವಿಕಿರಣ ವಿಭಾಗಕ್ಕೆ ಕಾಲಿಟ್ಟ ಮೊದಲ ದಿನವೇ, ಯಾರೂ ಕೇಳದಿದ್ದರೂ, ಹೇಳಿಬಿಡಿ. ಅದರ ಗುರುತಿನ ಕಾರ್ಡ್ ಜೊತೆಗಿರಲಿ.

ಕೊನೆಯ ತಪಾಸಣೆಯಲ್ಲಿ ಅಜ್ಜನ ಮಶೀನಿನ ಸೆಟ್ಟಿಂಗ್‌ಗಳೆಲ್ಲ ಮೊದಲಿದ್ದಂತೆಯೇ ಇದ್ದವು. ಫಾಲೋಅಪ್‌ಗೆ ಬಂದಾಗ ಕೌಂಟರ್‌ನಲ್ಲಿ ಹೆಸರು ಹೇಳುವ ಮುನ್ನವೇ ಅವರು ಅಂಗಿಯ ಒಳಕಿಸೆಯಿಂದ ಆ ಕಾರ್ಡ್ ತೆಗೆದು ಮುಂದಿಟ್ಟರು.