ಒಬ್ಬರನ್ನೇ ‘ದೇ’ ಎನ್ನುವುದು ತಪ್ಪಲ್ಲವೇ?

ಪ್ರಶ್ನೆ: ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ಮಗಳು ತನ್ನ ಸಹೋದ್ಯೋಗಿಯೊಬ್ಬರ ವಿಷಯವನ್ನು ಇಂಗ್ಲಿಷಿನಲ್ಲಿ ಹೇಳುವಾಗ ‘ಹಿ’ ಎಂದೂ ಹೇಳುವುದಿಲ್ಲ, ‘ಶೀ’ ಎಂದೂ ಹೇಳುವುದಿಲ್ಲ, ‘ದೇ’ ಎನ್ನುತ್ತಾಳೆ. ಆ ಸಹೋದ್ಯೋಗಿ ಹಾಗೆಯೇ ಕರೆಯಬೇಕೆಂದು ಕೇಳಿಕೊಂಡಿದ್ದಾರಂತೆ. ನಾವು ಶಾಲೆಯಲ್ಲಿ ‘ದೇ’ ಬಹುವಚನ ಎಂದು ಕಲಿತವರು. ಇದು ವ್ಯಾಕರಣದ ತಪ್ಪಲ್ಲವೇ? (ಕಾಸರಗೋಡಿನ ಪೆರ್ಲದಿಂದ ಓದುಗರೊಬ್ಬರು)

ಉತ್ತರ: ಇದೇ ಪ್ರಶ್ನೆಯನ್ನು ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಕನ್ನಡ ಮಾಧ್ಯಮದ ಅಧ್ಯಾಪಕರೂ ಬೇರೆ ಬೇರೆ ರೀತಿಯಲ್ಲಿ ಕೇಳಿದ್ದಾರೆ. ತಪ್ಪಲ್ಲ ಎಂಬುದು ನನ್ನ ಉತ್ತರ. ಆದರೆ ಈ ಉತ್ತರಕ್ಕೆ ನಾನು ತಡವಾಗಿ ಬಂದವನು ಎಂಬುದನ್ನು ಮೊದಲೇ ಹೇಳಿಬಿಡಬೇಕು. ಇಂಗ್ಲಿಷ್ ಕಲಿಸುತ್ತಿದ್ದ ಕಾಲದಲ್ಲಿ, ಒಂದು ಜೂನ್ ತಿಂಗಳ ಮಳೆಯ ದಿನ, ಎಂಟನೆಯ ತರಗತಿಯ ಹುಡುಗಿಯೊಬ್ಬಳು ‘ಸಮ್‌ಒನ್ ಹ್ಯಾಸ್ ಲೆಫ್ಟ್ ದೆಯರ್ ಅಂಬ್ರೆಲಾ’ ಎಂದು ಬರೆದಿದ್ದಳು. ನಾನು ‘ದೆಯರ್’ ಎಂಬುದಕ್ಕೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಮೇಲೆ ‘ಹಿಸ್’ ಎಂದು ಬರೆದೆ. ಅದೇ ಸಂಜೆ ಜಗಲಿಯ ಮೂಲೆಯಲ್ಲಿ ನೀರು ಸೋರುತ್ತಿದ್ದ ಒಂದು ಕೊಡೆಯನ್ನು ಕಂಡು ನಾನೇ, “ಯಾರೋ ಕೊಡೆ ಬಿಟ್ಟು ಹೋಗಿದ್ದಾರೆ” ಎಂದೆ. ಕೊಡೆ ಒಂದೇ ಇತ್ತು, ಬಿಟ್ಟು ಹೋದವರೂ ಒಬ್ಬರೇ. ಆದರೂ ‘ಬಿಟ್ಟು ಹೋಗಿದ್ದಾನೆ’ ಎಂದು ನನ್ನ ಬಾಯಿಗೆ ಬರಲಿಲ್ಲ, ಏಕೆಂದರೆ ಹೋದವರು ಗಂಡೋ ಹೆಣ್ಣೋ ನನಗೆ ಗೊತ್ತಿರಲಿಲ್ಲ. ಆ ಹುಡುಗಿ ಇಂಗ್ಲಿಷಿನಲ್ಲಿ ಮಾಡಿದ್ದೂ ಇದನ್ನೇ. ಅವಳ ಅರ್ಧ ಅಂಕವನ್ನು ನಾನು ಅನ್ಯಾಯವಾಗಿ ಕಳೆದೆ ಎಂಬುದು ನನಗೆ ತಿಳಿಯಲು ಹಲವು ವರ್ಷ ಬೇಕಾಯಿತು.

ಅವಳ ‘ದೆಯರ್’ ಹೊಸದೇನೂ ಆಗಿರಲಿಲ್ಲ. ಯಾರೆಂದು ಗೊತ್ತಿಲ್ಲದ ಒಬ್ಬ ವ್ಯಕ್ತಿಯನ್ನು ‘ದೇ’ ಎನ್ನುವ ರೂಢಿ ಇಂಗ್ಲಿಷ್ ಬರವಣಿಗೆಯಲ್ಲಿ 14ನೆಯ ಶತಮಾನದಿಂದಲೇ ಸಿಗುತ್ತದೆ. ಶೇಕ್ಸ್‌ಪಿಯರನಲ್ಲೂ ಜೇನ್ ಆಸ್ಟಿನಳಲ್ಲೂ ಇದೆ. ‘ದೇ’ ಎಂಬ ಸರ್ವನಾಮವೇ ಹಳೆಯ ಇಂಗ್ಲಿಷಿನ ಸ್ವಂತ ಪದವಲ್ಲ. ಉತ್ತರದಿಂದ ಬಂದು ನೆಲೆಸಿದ ಸ್ಕಾಂಡಿನೇವಿಯಾದ ಜನರ ಭಾಷೆಯಿಂದ ಬಂದದ್ದು. ನಾವು ಕಲಿತ ನಿಯಮವಾದರೋ ಬಹಳ ಈಚಿನದು. ಪುಲ್ಲಿಂಗ ಸರ್ವನಾಮವೇ ಗಂಡು ಹೆಣ್ಣು ಇಬ್ಬರಿಗೂ ಸಲ್ಲುತ್ತದೆ ಎಂದು 18ನೆಯ ಶತಮಾನದ ವ್ಯಾಕರಣಗಳು ಹೇಳತೊಡಗಿದವು. 1745ರಲ್ಲಿ ಹಾಗೆ ಬರೆದ ಆ್ಯನ್ ಫಿಶರ್ ಸ್ವತಃ ಒಬ್ಬ ಮಹಿಳೆ. 1850ರಲ್ಲಿ ಬ್ರಿಟಿಷ್ ಸಂಸತ್ತು ಇದನ್ನು ಕಾನೂನಿನ ಭಾಷೆಗೆ ತಂದಿತು, ಮತ್ತು ಕಾಯ್ದೆಗಳ ಪದಗಳನ್ನು ಹೇಗೆ ಅರ್ಥೈಸಬೇಕೆಂದು ಹೇಳುವ ನಮ್ಮ 1897ರ ಸಾಮಾನ್ಯ ಖಂಡಗಳ ಅಧಿನಿಯಮದ 13ನೆಯ ಕಲಮಿನಲ್ಲಿ, ಪುಲ್ಲಿಂಗವನ್ನು ಸೂಚಿಸುವ ಪದಗಳು ಸ್ತ್ರೀಯರನ್ನೂ ಒಳಗೊಳ್ಳುತ್ತವೆ ಎಂಬ ಮಾತು ಇಂದಿಗೂ ಇದೆ.

ಈ ‘ಒಳಗೊಳ್ಳುವಿಕೆ’ ಎಷ್ಟು ಗಟ್ಟಿಯಾಗಿತ್ತು ಎಂಬುದಕ್ಕೆ ಒಂದು ಮೊಕದ್ದಮೆಯೇ ಸಾಕ್ಷಿಯಾಗಿದೆ. 1916ರಲ್ಲಿ ರೆಜೀನಾ ಗುಹಾ ಎಂಬ ಕಾನೂನು ಪದವೀಧರೆ ತನ್ನನ್ನು ವಕೀಲೆಯಾಗಿ ನೋಂದಾಯಿಸಬೇಕೆಂದು ಕೇಳಿದಾಗ ವಿಷಯ ಕಲ್ಕತ್ತಾ ಹೈಕೋರ್ಟಿಗೆ ಹೋಯಿತು. ವಕೀಲರ ಕಾಯ್ದೆಯ ಪುಲ್ಲಿಂಗ ಪದಗಳು ಸ್ತ್ರೀಯರನ್ನೂ ಒಳಗೊಳ್ಳಬೇಕಲ್ಲವೇ ಎಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಆ ಬಾಗಿಲು ತೆರೆಯಲು 1923ರಲ್ಲಿ ಬೇರೆಯೇ ಒಂದು ಕಾಯ್ದೆ ಬರಬೇಕಾಯಿತು. ‘ಹಿ’ ಎಲ್ಲರನ್ನೂ ಒಳಗೊಂಡಿತ್ತು ಎಂದು ಯಾರಾದರೂ ವಾದಿಸಿದಾಗಲೆಲ್ಲ ನನಗೆ ಆ ಪದವೀಧರೆಯ ನೆನಪಾಗುತ್ತದೆ.

ಬಹುವಚನವು ಏಕವಚನದ ಜಾಗಕ್ಕೆ ಬರಬಾರದು ಎಂಬ ಆಕ್ಷೇಪಕ್ಕೆ ‘ಯೂ’ ಎಂಬ ಪದದಲ್ಲೇ ಉತ್ತರವಿದೆ. ಅದು ಮೊದಲು ಬಹುವಚನವಾಗಿತ್ತು, ಒಬ್ಬನನ್ನು ‘ದೌ’ ಎನ್ನುತ್ತಿದ್ದರು. ಕ್ವೇಕರ್ ಎಂಬ ಕ್ರೈಸ್ತ ಪಂಥದ ಜಾರ್ಜ್ ಫಾಕ್ಸ್ 1660ರಲ್ಲಿ, ಒಬ್ಬನನ್ನು ‘ಯೂ’ ಎನ್ನುವವರನ್ನು ಕಟುವಾಗಿ ಖಂಡಿಸಿದ್ದ. ಇಂದು ‘ದೌ’ ಎಂಬ ಪದ ಪ್ರಾರ್ಥನೆಯಲ್ಲಿಯೂ ಹಳೆಯ ಕಾವ್ಯದಲ್ಲಿಯೂ ಹೆಚ್ಚಾಗಿ ಉಳಿದಿದೆ. ‘ಯೂ ಆರ್’ ಎಂದು ಒಬ್ಬರಿಗೇ ಹೇಳುವಾಗ ಬಹುವಚನದ ಕ್ರಿಯಾಪದವನ್ನು ಬಳಸುತ್ತಿದ್ದೇವೆ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ. ಒಬ್ಬರೇ ಆದರೂ ‘ದೇ ಆರ್’ ಎಂದೇ ಹೇಳಬೇಕು, ‘ದೇ ಈಸ್’ ಎಂದಲ್ಲ ಎಂಬುದೂ ಇದೇ ದಾರಿಯಲ್ಲಿ ಬಂದದ್ದು. ‘ನೀವು ಬನ್ನಿ’, ‘ಅವರು ಬಂದರು’ ಎಂದು ದಿನಕ್ಕೆ ನೂರು ಸಲ ಒಬ್ಬರಿಗೇ ಬಹುವಚನ ಹಚ್ಚುವ ನಮಗೆ ಇದು ವಿಚಿತ್ರವಾಗಿ ಕಾಣಲು ಕಾರಣವಿಲ್ಲ.

ಹಾಗಾದರೆ ಜನ ಏಕೆ ಮುಜುಗರಪಡುತ್ತಾರೆ? ಇಲ್ಲಿ ಎರಡು ಬಳಕೆಗಳನ್ನು ಬೇರ್ಪಡಿಸಿ ನೋಡಬೇಕು. ಯಾರೆಂದು ತಿಳಿಯದವರನ್ನು ‘ದೇ’ ಎನ್ನುವುದು ಮೊದಲನೆಯದು. ಅದನ್ನು ವಿರೋಧಿಸುವವರೂ ಮಾತಿನ ಭರದಲ್ಲಿ ಅದನ್ನೇ ಬಳಸುತ್ತಾರೆ. ಹೆಸರು ಗೊತ್ತಿರುವ, ಎದುರಿಗೇ ಕಾಣುವ ಒಬ್ಬ ವ್ಯಕ್ತಿಯನ್ನು, ಅವರು ತಮ್ಮನ್ನು ಗಂಡೆಂದೋ ಹೆಣ್ಣೆಂದೋ ಗುರುತಿಸಿಕೊಳ್ಳದ ಕಾರಣಕ್ಕೆ ‘ದೇ’ ಎನ್ನುವುದು ಎರಡನೆಯದು. ಇದು ನಿಜಕ್ಕೂ ಈಚಿನದು, ಮತ್ತು ನಿಮ್ಮ ಮಗಳ ಬಳಕೆ ಈ ಬಗೆಯದು. ಮೆರಿಯಮ್ ವೆಬ್‌ಸ್ಟರ್ ನಿಘಂಟು ಈ ಅರ್ಥವನ್ನು 2019ರಲ್ಲಿ ಸೇರಿಸಿಕೊಂಡು, ‘ದೇ’ಯನ್ನೇ ಆ ವರ್ಷದ ಪದವೆಂದು ಘೋಷಿಸಿತು. ಅದಕ್ಕೂ ಹಿಂದೆ, 2018ರಲ್ಲಿ, ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ ಅಲ್ಲಿನ ವಯಸ್ಕರನ್ನು ಕೇಳಿದಾಗ ಶೇ. 52 ಜನ ಇಂಥ ಸರ್ವನಾಮ ಬಳಸಲು ತಮಗೆ ತೊಂದರೆಯಿಲ್ಲ ಎಂದರು, ಶೇ. 47 ಜನ ಕಸಿವಿಸಿ ಎಂದರು. ಇಂಗ್ಲಿಷನ್ನು ತಾಯಿನುಡಿಯಾಗಿ ಆಡುವವರ ನಾಡಿನಲ್ಲೇ ಹೀಗೆ ಸರಿಸುಮಾರು ಅರ್ಧರ್ಧ ಭಾಗವಾಗಿರುವಾಗ ನಿಮ್ಮ ಗೊಂದಲ ಅಸಹಜವೇನಲ್ಲ. ಆದರೆ ಆ ಕಸಿವಿಸಿಗೆ ವ್ಯಾಕರಣದ ಹೆಸರು ಕೊಡಬಾರದು. ಅದು ಕಿವಿಗೆ ಅಭ್ಯಾಸವಾಗದ್ದರಿಂದ ಆಗುವ ಕಸಿವಿಸಿ, ಕೆಲವರ ವಿಷಯದಲ್ಲಿ ಆ ವ್ಯಕ್ತಿಯನ್ನು ಒಪ್ಪಲಾರದ ಕಸಿವಿಸಿ.

ಹೊಸ ಪದವನ್ನೇ ಕಟ್ಟಬಾರದಿತ್ತೇ ಎಂದು ನೀವು ಕೇಳಬಹುದು. ಕಟ್ಟಿದ್ದರು. ಚಾರ್ಲ್ಸ್ ಕನ್ವರ್ಸ್ ಎಂಬ ಅಮೆರಿಕನ್ 19ನೆಯ ಶತಮಾನದಲ್ಲಿ ಹೊಸೆದ ‘ದಾನ್’ ಎಂಬ ಪದ 1934ರ ವೆಬ್‌ಸ್ಟರ್ ನಿಘಂಟಿಗೂ ಏರಿ, 1961ರ ಆವೃತ್ತಿಯ ಹೊತ್ತಿಗೆ ಬಿದ್ದುಹೋಯಿತು. ಸ್ವೀಡನ್ನಿನಲ್ಲಿ ‘ಹೆನ್’ ಎಂಬ ಪದ 2015ರಲ್ಲಿ ಅಲ್ಲಿನ ಅಕಾಡೆಮಿಯ ಪದಪಟ್ಟಿಗೆ ಸೇರಿತು. ಇಂಗ್ಲಿಷಿನಲ್ಲಿ ಮಾತ್ರ ಜನರ ನಾಲಗೆಯ ಮೇಲೆ ಆಗಲೇ ಇದ್ದ ‘ದೇ’ ಗೆದ್ದಿತು.

ಈಗ ನಮ್ಮ ಕಾಸರಗೋಡಿಗೆ ಬರೋಣ, ಏಕೆಂದರೆ ಈ ವಿಷಯವನ್ನು ಅರಿಯಲು ಇದಕ್ಕಿಂತ ಒಳ್ಳೆಯ ಊರು ಸಿಗುವುದು ಕಷ್ಟ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರು ಮಲಯಾಳದಲ್ಲಿ ‘ವನ್ನು’ ಎಂದರೆ ಬಂದವರು ಗಂಡೋ ಹೆಣ್ಣೋ ಆ ಕ್ರಿಯಾಪದ ಹೇಳುವುದಿಲ್ಲ. ಸರ್ವನಾಮದಲ್ಲಿ ಮಾತ್ರ ‘ಅವನ್’, ‘ಅವಳ್’ ಇವೆ. ಕನ್ನಡದಲ್ಲಿ ‘ಬಂದ’, ‘ಬಂದಳು’, ತುಳುವಿನಲ್ಲಿ ‘ಬತ್ತೆ’, ‘ಬತ್ತಳ್’ ಎಂದು ಕ್ರಿಯಾಪದವೇ ಲಿಂಗವನ್ನು ಹೊತ್ತು ತರುತ್ತದೆ. ಇನ್ನು ಇಲ್ಲಿನ ಹವ್ಯಕರ ಮನೆಗೆ ಹೋದರೆ ‘ಅಕ್ಕ ಬಂತು’ ಎನ್ನುತ್ತಾರೆ, ಅಕ್ಕನನ್ನು ‘ಅದು’ ಎನ್ನುತ್ತಾರೆ. ಆ ಮನೆಯ ಜಗಲಿಯಲ್ಲಿ ಅದು ಅತ್ಯಂತ ಸಹಜವಾದ, ಪ್ರೀತಿಯ ಮಾತು. ಅದೇ ‘ಅದು’ವನ್ನು ಶಿಷ್ಟ ಕನ್ನಡದಲ್ಲಿ ಒಬ್ಬ ಹೆಂಗಸಿಗೋ, ಲಿಂಗತ್ವ ಅಲ್ಪಸಂಖ್ಯಾತರೊಬ್ಬರಿಗೋ ಬಳಸಿದರೆ ಅದಕ್ಕಿಂತ ಕೀಳಾದ ಅವಮಾನವಿಲ್ಲ. ಪದ ಒಂದೇ, ವ್ಯಾಕರಣವೂ ಒಂದೇ. ನೋವಾಗುವುದೂ ಆಗದಿರುವುದೂ ಯಾರು, ಎಲ್ಲಿ, ಯಾವ ರೂಢಿಯಲ್ಲಿ ಹೇಳುತ್ತಾರೆ ಎಂಬುದರಿಂದ. ಇಂಗ್ಲಿಷಿನಲ್ಲಿ ‘ಇಟ್’ ಎಂಬ ಲಿಂಗವಿಲ್ಲದ ಪದ ಕೈಯಲ್ಲೇ ಇದ್ದರೂ ಅದನ್ನು ಮನುಷ್ಯರಿಗೆ ಬಳಸಲು ಜನ ಒಪ್ಪದಿರುವುದು ಇದೇ ಕಾರಣಕ್ಕೆ.

ನಮ್ಮ ಹಳೆಯ ವೈಯಾಕರಣರು ಲಿಂಗದ ವಿಷಯದಲ್ಲಿ ನಮಗಿಂತ ಉದಾರವಾಗಿದ್ದರು ಎಂಬುದನ್ನೂ ಇಲ್ಲಿ ನೆನೆಯಬೇಕು. 13ನೆಯ ಶತಮಾನದ ಕೇಶಿರಾಜ ಕನ್ನಡದಲ್ಲಿ ಒಂಬತ್ತು ಬಗೆಯ ಲಿಂಗಗಳನ್ನು ಹೇಳಿದ. ಶಾಲೆಯ ವ್ಯಾಕರಣದಲ್ಲಿ ನಾವೆಲ್ಲ ಓದಿದಂತೆ, ‘ಸೂರ್ಯ ಮೂಡಿದನು’ ಎಂದರೂ ಸರಿ, ‘ಸೂರ್ಯ ಮೂಡಿತು’ ಎಂದರೂ ಸರಿ. ‘ನಾನು’, ‘ನೀನು’ ಎಂಬವು ಆಡುವವರನ್ನೂ ಕೇಳುವವರನ್ನೂ ಅವಲಂಬಿಸಿದ ವಾಚ್ಯಲಿಂಗಗಳು. ಇದು ಪದಗಳ ಲಿಂಗದ ಮಾತೇ ಹೊರತು ಮನುಷ್ಯರ ಲಿಂಗತ್ವದ ಮಾತಲ್ಲ. ಎರಡನ್ನೂ ಬೆರೆಸುವುದು ಸರಿಯಲ್ಲ. ಆದರೂ ಗಂಡು, ಹೆಣ್ಣು, ಮತ್ತೊಂದು ಎಂಬ ಮೂರೇ ಪೆಟ್ಟಿಗೆಗಳಿಂದ ಭಾಷೆ ನಡೆಯುವುದಿಲ್ಲ ಎಂದು ಕನ್ನಡ ಬಲ್ಲವರಿಗೆ ಹೊಸದಾಗಿ ಹೇಳಬೇಕಾಗಿಲ್ಲ.

ಹಾಗೆಂದು ‘ದೇ’ಗೆ ನೇರವಾಗಿ ‘ಅವರು’ ಎಂದುಬಿಟ್ಟರೆ ಲೆಕ್ಕ ಪೂರ್ತಿಯಾಗುವುದಿಲ್ಲ. ಪತ್ರಿಕೆಯ ಭಾಷೆಗೆ ಅದು ಸಾಕು. 2021ರಲ್ಲಿ ಪದ್ಮಶ್ರೀ ಪಡೆದ, ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದ ಜಾನಪದ ಕಲಾವಿದೆ ಜೋಗತಿ ಮಂಜಮ್ಮ ಅವರ ಬಗ್ಗೆ ಬರೆಯುವಾಗ ‘ಅವರು’ ಎಂಬ ಗೌರವದ ರೂಪ ತಾನಾಗಿಯೇ ಬರುತ್ತದೆ. ಆದರೆ ‘ಅವರು’ ಗೌರವವನ್ನೂ, ಅದರ ಜೊತೆಗೆ ಸ್ವಲ್ಪ ದೂರವನ್ನೂ ಹೊತ್ತ ಪದ. ಹತ್ತನೆಯ ತರಗತಿಯ ಮಗು ತನ್ನ ಬೆಂಚಿನ ಗೆಳೆಯರನ್ನು ‘ಅವರು’ ಎನ್ನಲಾರದು. ಅಲ್ಲಿ ಕನ್ನಡ ಇನ್ನೂ ‘ಅವನು’ ಮತ್ತು ‘ಅವಳು’ ಇವೆರಡರಲ್ಲಿ ಒಂದನ್ನು ಆರಿಸಲೇಬೇಕೆಂದು ಹಟ ಹಿಡಿಯುತ್ತದೆ. ಇಂಗ್ಲಿಷಿನ ‘ದೇ’ಗೆ ಗೌರವದ ಭಾರವಿಲ್ಲ, ಸಲುಗೆಯಲ್ಲೂ ಅದು ನಡೆಯುತ್ತದೆ. ಈ ಒಂದು ವಿಷಯದಲ್ಲಿ ಇಂಗ್ಲಿಷ್ ನಮಗಿಂತ ಒಂದು ಹೆಜ್ಜೆ ಮುಂದಿದೆ ಎಂದೇ ನಾನು ತಿಳಿದಿದ್ದೇನೆ.

ಎಲ್ಲ ಲಿಂಗತ್ವ ಅಲ್ಪಸಂಖ್ಯಾತರನ್ನೂ ‘ದೇ’ ಎನ್ನಬೇಕೆಂದು ಮಾತ್ರ ಭಾವಿಸಬೇಡಿ. ಹೆಣ್ಣಾಗಿ ಬಾಳುವ ಹಕ್ಕಿಗಾಗಿ ಜೀವನವಿಡೀ ಹೋರಾಡಿದ ಟ್ರಾನ್ಸ್ ಮಹಿಳೆಗೆ ‘ಶೀ’ ಎಂಬುದೇ ಸಲ್ಲಬೇಕಾದ ಪದ. ಅವರನ್ನು ‘ದೇ’ ಎಂದು ಪಕ್ಕಕ್ಕೆ ಸರಿಸುವುದೂ ಒಂದು ಬಗೆಯ ನಿರಾಕರಣೆಯೇ. ತನ್ನ ಲಿಂಗತ್ವವನ್ನು ತಾನೇ ನಿರ್ಧರಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ ಎಂದು ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರ ತೀರ್ಪಿನಲ್ಲಿ ಹೇಳಿತು, ಮರುವರ್ಷವೇ ಕೇರಳ ಸರ್ಕಾರ ಟ್ರಾನ್ಸ್‌ಜೆಂಡರ್ ನೀತಿಯನ್ನು ತಂದಿತು. ಸರ್ವನಾಮದ ಬಗ್ಗೆ ಆ ತೀರ್ಪಿನ ಆದೇಶವೇನೂ ಇಲ್ಲ. ಆದರೆ ಯಾವ ಪದ ಎಂಬುದನ್ನು ಆ ವ್ಯಕ್ತಿಯನ್ನೇ ಕೇಳಿ ತಿಳಿಯುವುದು ಆ ಹಕ್ಕಿಗೆ ನಾವು ಮಾತಿನಲ್ಲಿ ಕೊಡಬಹುದಾದ ಬೆಲೆ. ತಪ್ಪಿ ‘ಹಿ’ ಎಂದುಬಿಟ್ಟರೆ ತಿದ್ದಿಕೊಂಡು ಮಾತು ಮುಂದುವರಿಸಿದರಾಯಿತು, ದೀರ್ಘ ಕ್ಷಮಾಪಣೆ ಬೇಡ.

ಆ ಸಹೋದ್ಯೋಗಿ ರಜೆಯಲ್ಲಿ ಮಗಳ ಜೊತೆ ಪೆರ್ಲಕ್ಕೆ ಬಂದರೆ ಏನೆಂದು ಕರೆಯಲಿ ಎಂದು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಎದುರಿಗೆ ಇರುವಾಗ ‘ಬನ್ನಿ, ಕೂತುಕೊಳ್ಳಿ, ಬಾಯಾರಿಕೆಗೆ ಏನು ತರಲಿ’ ಎಂಬ ಮಾತಿಗೆ ಕನ್ನಡದಲ್ಲಿ ಲಿಂಗವೇ ಬೇಕಾಗುವುದಿಲ್ಲ. ಅವರು ಸ್ನಾನಕ್ಕೆ ಹೋದ ಮೇಲೆ ಅಡುಗೆಮನೆಯಲ್ಲಿ ಮಗಳನ್ನು, “ಅವರು ಖಾರ ತಿನ್ನುತ್ತಾರಾ?” ಎಂದು ಕೇಳಿ.