ಮಳೆ ಪುಸ್ತಕದ ಖಾಲಿ ಸಾಲುಗಳು

ಕಕ್ಕಡದ ಮಳೆ, ಅಂದರೆ ನಮ್ಮ ಕೊಡಗಿನ ಜುಲೈ-ಆಗಸ್ಟ್ ಹೊತ್ತಿನ ತಿಂಗಳಿನದು. ಕರೆಂಟ್ ಹೋಗಿ ಎರಡು ದಿನವಾಗಿತ್ತು. ಟಿವಿ ಇಲ್ಲ, ಫೋನಿನಲ್ಲಿ ಚಾರ್ಜ್ ಇಲ್ಲ. ಒಲೆಯ ಮುಂದೆ ಕೂತು ಹಲಸಿನ ಬೀಜ ಸುಡುತ್ತಾ ಅಕ್ಕನ ಮಕ್ಕಳಿಬ್ಬರೂ ಒಂದು ಸಿನಿಮಾ ಕಟ್ಟಲು ಶುರು ಮಾಡಿದರು. ನಮ್ಮ ಕೊಡಗಿನದೇ ಸೂಪರ್‌ಹೀರೋ. ಹೆಸರು ಕಾಲಪ್ಪ. ಕಾಳಪ್ಪ ಅನ್ನುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಇವನು ಕಾಲದಲ್ಲಿ ಓಡಾಡುವವನು, ಅದಕ್ಕೇ ಕಾಲಪ್ಪ. ಬೆನ್ನ ಹಿಂದೆ ಹಾರಾಡುವ ಬಟ್ಟೆ ಬೇಡ, ಕೊಡವರ ಕಪ್ಪು ನಿಲುವಂಗಿ ಕುಪ್ಯ, ನಡುವಿಗೆ ಕಟ್ಟಲು ಒಂದು ಕೆಂಪು ಚೇಲೆ ಸಾಕು ಎಂದು ಹುಡುಗಿ ತೀರ್ಮಾನ ಕೊಟ್ಟಳು.

ಅವನ ಯಂತ್ರ ಯಾವುದು ಗೊತ್ತಾ? ನಮ್ಮಪ್ಪನ ಮಳೆ ಪುಸ್ತಕ.

ಕಾಫಿ ತೋಟದ ಮನೆಗಳಲ್ಲಿ ಇಂಥ ಪುಸ್ತಕ ಸಾಮಾನ್ಯ. ಅಂಗಳದಲ್ಲಿ ಒಂದು ಮಳೆ ಮಾಪಕ. ಬೆಳಿಗ್ಗೆ ಎದ್ದ ಕೂಡಲೇ ಅದರ ನೀರನ್ನು ಅಳತೆಯ ಗ್ಲಾಸಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಇಷ್ಟು ಇಂಚು ಇಷ್ಟು ಸೆಂಟ್ ಎಂದು ಬರೆದಿಡಬೇಕು. ಒಂದು ಇಂಚಿಗೆ ನೂರು ಸೆಂಟ್. ಮದುವೆ ಮನೆಯಲ್ಲಿ ಇಬ್ಬರು ತೋಟದವರು ಎದುರಾದರೆ ಮೊದಲು ಕೇಳುವುದೇ "ನಿಮ್ಮಲ್ಲಿ ಎಷ್ಟಾಯ್ತು?" ಅಂತ. ಅಪ್ಪ ಪೆನ್ಸಿಲಿನಲ್ಲೇ ಬರೆಯುತ್ತಿದ್ದರು. ಒದ್ದೆ ಕೈ ತಾಗಿದರೂ ಅಕ್ಷರ ಹರಡುವುದಿಲ್ಲ ಎಂಬ ಲೆಕ್ಕ ಅವರದು.

ಆ ಪುಸ್ತಕದಲ್ಲಿ 2018ರ ಆಗಸ್ಟ್ ಪುಟ ಅರ್ಧಕ್ಕೇ ನಿಂತಿದೆ. ತಾರೀಖುಗಳಿವೆ, ಎದುರಿಗೆ ಏನೂ ಇಲ್ಲ. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಕ್ಕೆ ಗುಡ್ಡವೇ ಕುಸಿದ ದಿನಗಳವು. ನಮ್ಮ ಹಳೇ ಮನೆಯ ಹಿಂದಿನ ಬರೆಯೂ, ಅಂದರೆ ಕಡಿದಾದ ಮಣ್ಣಿನ ಇಳಿಜಾರೂ, ಆಗಲೇ ಜಾರಿತು. ನಡುರಾತ್ರಿ ಯಾರೋ ಬಾಗಿಲು ಬಡಿದು ಎಬ್ಬಿಸಿದರಂತೆ. ಅಪ್ಪ, ಅಮ್ಮ ಉಟ್ಟ ಬಟ್ಟೆಯಲ್ಲೇ ಹೊರಗೆ ಬಂದರು. ಬರುವಾಗ ಅಪ್ಪನ ಕೈಗೆ ಸಿಕ್ಕಿದ್ದು ಮೇಜಿನ ಮೇಲಿದ್ದ ಈ ಪುಸ್ತಕ ಮಾತ್ರ. ಮನೆ ಹೋಯಿತು, ಅಂಗಳ ಹೋಯಿತು, ಅಂಗಳದ ಮಾಪಕವೂ ಹೋಯಿತು. ಅಳೆಯಲು ಏನೂ ಉಳಿದಿರಲಿಲ್ಲ.

ಸಿನಿಮಾದಲ್ಲಿ ಕಾಲಪ್ಪ ಯಾವ ತಾರೀಖಿನ ಮೇಲೆ ಬೆರಳಿಡುತ್ತಾನೋ ಆ ದಿನಕ್ಕೆ ಹೋಗುತ್ತಾನೆ. "ಮಾವ, ಈ ಖಾಲಿ ಸಾಲಿನ ಮೇಲೆ ಬೆರಳಿಟ್ರೆ ಮನೆ ಉಳಿಸಬಹುದಾ?" ಎಂದ ಹುಡುಗ.

ಸುಮ್ನೆ ಕಥೆ ಎಂದು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ದೊಡ್ಡ ದೊಡ್ಡ ಭೌತವಿಜ್ಞಾನಿಗಳು ಇದೇ ಪ್ರಶ್ನೆಯ ಜೊತೆ ಗುದ್ದಾಡಿದ್ದಾರೆ. ಅವರಿಗೆ ಸಿಕ್ಕ ಉತ್ತರಗಳು ಯಾವ ಸಿನಿಮಾಕ್ಕೂ ಕಡಿಮೆಯಿಲ್ಲ.

ಮೊದಲು ಸುಲಭದ್ದು ನೋಡೋಣ. ಮುಂದಿನ ಕಾಲಕ್ಕೆ ಹೋಗುವುದು ಕಟ್ಟುಕಥೆಯಲ್ಲ, ಅದು ದಿನಾ ನಡೆಯುತ್ತಿದೆ. ವೇಗವಾಗಿ ಓಡುವ ಗಡಿಯಾರ ನಿಧಾನವಾಗುತ್ತದೆ ಎಂದು ಐನ್‌ಸ್ಟೈನ್ 1905ರಲ್ಲಿ ತೋರಿಸಿದರು. ಗುರುತ್ವ ಜಾಸ್ತಿ ಇರುವ ಕಡೆಯೂ ಕಾಲ ನಿಧಾನ ಎಂಬುದು ಅವರ 1915ರ ಸಿದ್ಧಾಂತದಿಂದ ಗಟ್ಟಿಯಾಯಿತು. ಭೂಮಿಯಿಂದ ಮೇಲೆ ಮೇಲೆ ಹೋದಂತೆ ಅದರ ಹಿಡಿತ ಸಡಿಲವಾಗಿ ಗಡಿಯಾರ ಬೇಗ ಓಡುತ್ತದೆ. ತಲಕಾವೇರಿ ಇರುವುದು ಸಮುದ್ರಮಟ್ಟದಿಂದ 1,276 ಮೀಟರ್ ಎತ್ತರದಲ್ಲಿ. ತುಲಾ ಸಂಕ್ರಮಣದ ದಿನ ತೀರ್ಥೋದ್ಭವದ ನಿಮಿಷಕ್ಕಾಗಿ ಸಾವಿರಾರು ಜನ ಕೊಳದ ಮೇಲೆ ಕಣ್ಣಿಟ್ಟು ಕಾಯುವ ಜಾಗ. ಅಲ್ಲೊಂದು ಗಡಿಯಾರ, ಮಂಗಳೂರಿನ ಕಡಲ ದಂಡೆಯಲ್ಲಿ ಅಂಥದ್ದೇ ಇನ್ನೊಂದು ಗಡಿಯಾರ ಇಟ್ಟರೆ, ಒಂದು ವರ್ಷದಲ್ಲಿ ತಲಕಾವೇರಿಯದು ಸುಮಾರು 4.4 ಮೈಕ್ರೋಸೆಕೆಂಡ್ ಮುಂದಿರುತ್ತದೆ. ಅಂದರೆ ಸೆಕೆಂಡನ್ನು ಹತ್ತು ಲಕ್ಷ ಚೂರು ಮಾಡಿದರೆ ಅದರಲ್ಲಿ ನಾಲ್ಕು ಚಿಲ್ಲರೆ ಚೂರಿನಷ್ಟು. ಕಾವೇರಿ ಹುಟ್ಟುವ ಕಡೆ ಕಾಲ ಒಂದು ಕೂದಲೆಳೆಯಷ್ಟು ಚುರುಕು. ಇದನ್ನು ಕಾಗದದ ಮೇಲೆ ಲೆಕ್ಕ ಹಾಕಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಇಷ್ಟು ಸಣ್ಣ ವ್ಯತ್ಯಾಸದಿಂದ ಏನಾಗುತ್ತದೆ ಅನ್ನಬೇಡಿ. ಫೋನಿನಲ್ಲಿ ದಾರಿ ತೋರಿಸುವ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಎತ್ತರದಿಂದಾಗಿ ಅವುಗಳ ಗಡಿಯಾರ ದಿನಕ್ಕೆ 45 ಮೈಕ್ರೋಸೆಕೆಂಡ್ ಮುಂದೋಡುತ್ತದೆ, ವೇಗದಿಂದಾಗಿ 7 ಹಿಂದೆ ಬೀಳುತ್ತದೆ. ಕಳೆದು ಉಳಿಯುವುದು 38. ಇದನ್ನು ಸರಿಪಡಿಸದೆ ಬಿಟ್ಟರೆ ಒಂದೇ ದಿನದಲ್ಲಿ ನಕ್ಷೆ ಹತ್ತು ಕಿಲೋಮೀಟರಿಗಿಂತ ಜಾಸ್ತಿ ತಪ್ಪುತ್ತದೆ. ಮಡಿಕೇರಿ ಪೇಟೆಯಲ್ಲಿ ನಿಂತವರನ್ನು ಅದು ಯಾರದೋ ಏಲಕ್ಕಿ ಮಲೆಯಲ್ಲಿ ನಿಲ್ಲಿಸಿಬಿಡುತ್ತದೆ.

ಇನ್ನೂ ಹತ್ತಿರದ್ದು ಬೇಕಾ? ನಿಮ್ಮ ಅಂಗೈ ಚಾಚಿ ನೋಡಿ. ಸೆಕೆಂಡಿಗೆ ಸುಮಾರು ಒಂದರಂತೆ ಮ್ಯೂಆನ್ ಎಂಬ ಕಣ ಅದರ ಮೂಲಕ ಹಾದುಹೋಗುತ್ತಿದೆ. ಬಾಹ್ಯಾಕಾಶದಿಂದ ಬರುವ ಕಿರಣಗಳು ಗಾಳಿಗೆ ಬಡಿದಾಗ, ಸುಮಾರು 15 ಕಿಲೋಮೀಟರ್ ಮೇಲೆ ಇವು ಹುಟ್ಟುತ್ತವೆ. ಇವುಗಳ ಸರಾಸರಿ ಆಯುಸ್ಸು 2.2 ಮೈಕ್ರೋಸೆಕೆಂಡ್. ಬೆಳಕಿನ ವೇಗದಲ್ಲೇ ಓಡಿದರೂ ಅಷ್ಟರಲ್ಲಿ 660 ಮೀಟರ್ ದಾಟುವ ಹೊತ್ತಿಗೆ ಕಥೆ ಮುಗಿಯಬೇಕು. ಆದರೂ ಅವು ನೆಲ ಮುಟ್ಟುತ್ತವೆ. ಆ ವೇಗಕ್ಕೆ ಅವುಗಳ ಕಾಲ ನಮ್ಮ ಕಾಲಕ್ಕಿಂತ ಎಷ್ಟೋ ನಿಧಾನ. ಇವುಗಳ ಕಾಟ ತಪ್ಪಿಸಿಕೊಂಡು ನ್ಯೂಟ್ರಿನೋ ಎಂಬ ಇನ್ನೊಂದು ಕಣವನ್ನು ಹುಡುಕಬೇಕೆಂದೇ ನಮ್ಮ ವಿಜ್ಞಾನಿಗಳು ಕೋಲಾರದ ಚಿನ್ನದ ಗಣಿಯೊಳಗೆ ಎರಡು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದರು. ಅಲ್ಲಿ 1965ರಲ್ಲಿ ಅದು ಸಿಕ್ಕಿತು ಕೂಡ.

ಮನುಷ್ಯರೂ ಮುಂದಕ್ಕೆ ಹೋಗಿದ್ದಾರೆ. ರಷ್ಯಾದ ಗಗನಯಾತ್ರಿ ಸೆರ್ಗೇಯ್ ಕ್ರಿಕಲ್ಯೋವ್ ಒಟ್ಟು 803 ದಿನ ಬಾಹ್ಯಾಕಾಶದಲ್ಲಿದ್ದರು. ಅವರು ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಮುಂದಿನ ಕಾಲಕ್ಕೆ ಬಂದಿಳಿದರು.

ಮುಂದಕ್ಕೆ ಹೋದವರು ತಿರುಗಿ ಬರಬಹುದಾ? ಭಾಗವತದ ಕಥೆ ನೆನಪಾಗುತ್ತದೆ. ರಾಜ ಕಕುದ್ಮಿ ಮಗಳು ರೇವತಿಗೆ ಗಂಡು ಯಾರೆಂದು ಕೇಳಲು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಹಾಡು ಮುಗಿಯುವವರೆಗೆ ಕಾಯುತ್ತಾನೆ. ಅಷ್ಟರಲ್ಲಿ ಇಲ್ಲಿ 27 ಚತುರ್ಯುಗ ಕಳೆದಿರುತ್ತದೆ. ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ಗಂಡುಗಳು ಒಬ್ಬರೂ ಇಲ್ಲ. ರೇವತಿ ಬಲರಾಮನ ಕೈ ಹಿಡಿಯುತ್ತಾಳೆ. ಅದು ಪುರಾಣ, ವಿಜ್ಞಾನವಲ್ಲ. ಆದರೆ ಹಿಂದಕ್ಕೆ ಹೋಗುವ ದಾರಿಯನ್ನು ಆ ಕಥೆ ಕಟ್ಟಿದವರೂ ತೆರೆದಿಡಲಿಲ್ಲ.

ಕಾಲಪ್ಪನಿಗೆ ಬೇಕಾಗಿರುವುದು ಆ ದಾರಿಯೇ. ಕರ್ಟ್ ಗೋಡೆಲ್ ಎಂಬ ಗಣಿತಜ್ಞ 1949ರಲ್ಲಿ ಐನ್‌ಸ್ಟೈನರ ಸಮೀಕರಣಗಳಿಂದಲೇ ಒಂದು ವಿಚಿತ್ರ ವಿಶ್ವ ಕಟ್ಟಿದರು. ಆ ವಿಶ್ವ ಒಟ್ಟಾಗಿ ತಿರುಗುತ್ತಿರುತ್ತದೆ. ಅದರಲ್ಲಿ ಮುಂದೆ ಮುಂದೆ ಹೋಗುತ್ತಲೇ ನಿನ್ನೆಗೆ ಬಂದು ಸೇರಬಹುದು. ನಮ್ಮ ವಿಶ್ವ ಹಾಗೆ ತಿರುಗುತ್ತಿರುವ ಗುರುತು ಎಲ್ಲೂ ಇಲ್ಲ. ಆದರೆ ಸಮೀಕರಣ ಬಾಗಿಲನ್ನು ಪೂರ್ತಿ ಮುಚ್ಚಿಲ್ಲ ಎಂಬುದು ಆವತ್ತು ಗೊತ್ತಾಯಿತು. ಪ್ರಕೃತಿಯೇ ಆ ಬಾಗಿಲಿಗೆ ಚಿಲಕ ಹಾಕುತ್ತದೆ ಎಂದು ನಂಬಿದ್ದವರು ಸ್ಟೀಫನ್ ಹಾಕಿಂಗ್. 2009ರ ಜೂನ್ 28ರಂದು ಅವರು ಕಾಲಪ್ರಯಾಣಿಕರಿಗೆಂದೇ ಒಂದು ಔತಣ ಇಟ್ಟರು. ಕರೆಯೋಲೆ ಹೊರಗೆ ಬಿಟ್ಟಿದ್ದು ಔತಣ ಮುಗಿದ ಮೇಲೆ. ಹಿಂದಕ್ಕೆ ಬರಬಲ್ಲವರಿಗೆ ಮಾತ್ರ ಅದು ತಲುಪಬೇಕಿತ್ತು. ಒಬ್ಬರೂ ಬರಲಿಲ್ಲ.

ಹೋಗಲಿ, ಚಿಲಕ ಇಲ್ಲವೆಂದೇ ಇಟ್ಟುಕೊಳ್ಳೋಣ. ಕಾಲಪ್ಪ 2018ಕ್ಕೆ ಹೋದ, ಮನೆ ಉಳಿಸಿದ. ಮನೆ ಉಳಿದರೆ ಪುಟ ಖಾಲಿ ಇರುವುದಿಲ್ಲ. ಪುಟ ಖಾಲಿ ಇಲ್ಲದಿದ್ದರೆ ಯಾರೂ ಅದರ ಮೇಲೆ ಬೆರಳಿಟ್ಟು ಹೊರಡುವುದಿಲ್ಲ. ಹೊರಡದಿದ್ದರೆ ಮನೆ ಉಳಿಯುವುದು ಹೇಗೆ? ಹುಡುಗ ಬೀಜ ಸುಲಿಯುವುದನ್ನು ಬಿಟ್ಟು ನನ್ನ ಮುಖ ನೋಡಿದ.

ಇದರಿಂದ ಪಾರಾಗಲು ಒಂದು ದಾರಿ ಇದೆ. ಎಷ್ಟೋ ಸಿನಿಮಾಗಳು ಹಿಡಿಯುವ ದಾರಿ ಅದೇ. ಹ್ಯೂ ಎವರೆಟ್ ಎಂಬ ಭೌತವಿಜ್ಞಾನಿ 1957ರಲ್ಲಿ ಮುಂದಿಟ್ಟ ವಿಚಾರ ಅದಕ್ಕೆ ಬುಡ. ಪರಮಾಣುವಿನ ಮಟ್ಟದಲ್ಲಿ ಒಂದು ಘಟನೆ ಎರಡು ರೀತಿ ಆಗಬಹುದಾದರೆ ಎರಡೂ ಆಗುತ್ತವೆ, ವಿಶ್ವ ಕವಲೊಡೆಯುತ್ತದೆ. ಹಿಂದಿನ ಕಾಲಕ್ಕೆ ಹೋದವನು ಬೇರೆ ಕವಲಿನಲ್ಲಿ ಇಳಿಯುತ್ತಾನೆ ಎಂದಿಟ್ಟುಕೊಂಡರೆ ತೊಡಕೇ ಇರುವುದಿಲ್ಲ ಎಂದು ಡೇವಿಡ್ ಡಾಯ್ಚ್ ಎಂಬ ಇನ್ನೊಬ್ಬ ಭೌತವಿಜ್ಞಾನಿ 1991ರಲ್ಲಿ ಬರೆದರು. ಲೆಕ್ಕ ಚೊಕ್ಕವಾಗಿದೆ.

ಆದರೆ ಹುಡುಗಿ ಒಪ್ಪಲಿಲ್ಲ. "ಹಾಗಾದ್ರೆ ಅವನು ಉಳಿಸೋದು ಯಾರ ಮನೆ?"

"ಇನ್ನೊಂದು ಕೊಡಗಿನದು."

"ಇಲ್ಲಿಯ ಅಜ್ಜಿಗೆ ಏನು ಸಿಕ್ತು?"

ಏನೂ ಇಲ್ಲ. ಇಲ್ಲಿಯ ಬರೆ ಜಾರಿದ್ದು ಜಾರಿದ್ದೇ. ಕಾಲಪ್ಪ ಇಲ್ಲಿಂದ ಮಾಯವಾಗುತ್ತಾನೆ, ತಿರುಗಿ ಬರುವುದಿಲ್ಲ. ಕವಲು ಬೇರೆಯೆಂದು ಹೇಳಿ, ಕೊನೆಗೆ ನಾಯಕನನ್ನು ಅವನ ಹಳೇ ಮನೆಯ ಊಟದ ಮೇಜಿಗೇ ತಂದು ಕೂರಿಸುವ ಕಥೆಗಳು ನೋಡುವವರಿಗೆ ಮೋಸ ಮಾಡುತ್ತವೆ. ನೋವು ಹಾಗೇ ಉಳಿದಿರುತ್ತದೆ, ತೆರೆಯ ಮೇಲೆ ಕಾಣುವುದಿಲ್ಲ, ಅಷ್ಟೆ.

"ಹಾಗಾದ್ರೆ ಮಳೆನೇ ನಿಲ್ಲಿಸಲಿ. ಮಾರ್ಚಿಗೆ ಹೋಗಿ ಏನಾದ್ರೂ ಮಾಡಿ ಬರಲಿ," ಎಂದ ಹುಡುಗ. ಇಲ್ಲಿ ಎಡ್ವರ್ಡ್ ಲೊರೆಂಜ್ ನೆನಪಾಗಲೇಬೇಕು. ಅಮೆರಿಕದ ಎಂಐಟಿಯ ಈ ಹವಾಮಾನ ತಜ್ಞ 1961ರಲ್ಲಿ ಕಂಪ್ಯೂಟರಿನೊಳಗೆ ಒಂದು ಪುಟ್ಟ ಹವಾಮಾನ ಕಟ್ಟಿ ಆಡಿಸುತ್ತಿದ್ದರು. ಹಿಂದೆ ಬಂದ ಫಲಿತಾಂಶವನ್ನು ಮತ್ತೆ ನೋಡಬೇಕೆಂದು, ನಡುವಿನ ಒಂದು ಹಂತದ ಅಂಕಿಗಳನ್ನು ಟೈಪ್ ಮಾಡಿ, ಕಾಫಿ ಕುಡಿಯಲು ಹೋದರು. ಒಂದು ಗಂಟೆ ಬಿಟ್ಟು ಬಂದು ನೋಡಿದರೆ ಒಳಗೆ ಎರಡು ತಿಂಗಳ ಹವಾಮಾನ ಕಳೆದಿತ್ತು. ಹಳೆಯದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಯಂತ್ರ ಕೆಟ್ಟಿರಲಿಲ್ಲ. ಕಂಪ್ಯೂಟರಿನ ಒಳಗಿದ್ದ ಅಂಕಿ 0.506127. ಕಾಗದದಲ್ಲಿ ಅಚ್ಚಾಗಿದ್ದದ್ದು, ಅವರು ಟೈಪ್ ಮಾಡಿದ್ದು 0.506. ಆ ಚೂರು ವ್ಯತ್ಯಾಸ ದಿನದಿಂದ ದಿನಕ್ಕೆ ಬೆಳೆದು ಇಡೀ ಹವಾಮಾನವನ್ನೇ ಬೇರೆ ಮಾಡಿತ್ತು.

ತೋಟದವರಿಗೆ ಇದು ಅರ್ಥವಾಗದ ಮಾತಲ್ಲ. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಒಂದು ಇಂಚು ಸರಿಯಾಗಿ ಬಿದ್ದರೆ ಒಂಬತ್ತು ಹತ್ತು ದಿನಕ್ಕೆ ರೊಬಸ್ಟಾ ತೋಟವೆಲ್ಲಾ ಬೆಳ್ಳಗೆ, ಮಲ್ಲಿಗೆಯಂಥ ಪರಿಮಳ, ಜೇನುಹುಳಗಳ ಸದ್ದು. ಹೂ ಅರಳಿದ ಬೆಳಿಗ್ಗೆಯೇ ಇನ್ನೊಂದು ಮಳೆ ಬಂದರೆ ಪರಾಗ ತೊಳೆದುಹೋಗಿ ಕಾಯಿ ಕಚ್ಚುವುದಿಲ್ಲ. ಒಂದು ದಿನದ ಹೆಚ್ಚುಕಮ್ಮಿಯಲ್ಲಿ ವರ್ಷದ ಬೆಳೆ ನಿಂತಿರುತ್ತದೆ. ಲೊರೆಂಜ್ ಕಂಡದ್ದು ಇದಕ್ಕಿಂತ ಆಳದ್ದು. ಕಾಲಪ್ಪ ಮಾರ್ಚ್ ತಿಂಗಳಿಗೆ ಹೋಗಿ ಏನೂ ಮಾಡದೆ ಅಂಗಳದಲ್ಲಿ ನಿಂತರೂ ಸಾಕು. ಅವನ ಮೈ ತಳ್ಳಿದ ಗಾಳಿಯಿಂದಲೇ ಆಗಸ್ಟಿನ ಮಳೆಯ ದಿನಗಳು ಅದಲುಬದಲಾಗಬಹುದು. ನಮ್ಮ ಬರೆ ಉಳಿದು ಪಕ್ಕದ ಊರಿನದು ಜಾರಬಹುದು, ಎರಡೂ ಉಳಿಯಬಹುದು, ಎರಡೂ ಹೋಗಬಹುದು. ಏನಾಗುತ್ತದೆಂದು ಅವನಿಗೂ ಗೊತ್ತಿರುವುದಿಲ್ಲ. ಅವನ ಕೈಯಲ್ಲಿರುವ ಪುಸ್ತಕ ಆ ಗಳಿಗೆಗೇ ಹಳೇ ಕಾಗದ.

ಒಲೆ ಆರುತ್ತಾ ಬಂದಿತ್ತು. ನಾನು ಇನ್ನೊಂದು ಉತ್ತರ ಹೇಳಿದೆ. ನನಗೆ ತುಂಬಾ ಇಷ್ಟವಾದದ್ದು ಅದೇ. ರಷ್ಯಾದ ಇಗೊರ್ ನೊವಿಕೋವ್ ಎಂಬ ವಿಜ್ಞಾನಿ 1980ರ ದಶಕದಲ್ಲಿ ಬೆಳೆಸಿದ ವಿಚಾರ. ಹಿಂದಕ್ಕೆ ಹೋಗಬಹುದು ಎಂದೇ ಇಟ್ಟುಕೊಳ್ಳಿ, ಆದರೆ ಆಗಿಹೋದದ್ದನ್ನು ಬದಲಿಸಲು ಆಗುವುದಿಲ್ಲ. ಹೋದವನು ಅಲ್ಲಿ ಏನೇ ಮಾಡಲಿ, ಅದು ಆಗಿಹೋದದ್ದರ ಒಳಗೇ ಮೊದಲಿಂದ ಸೇರಿರುತ್ತದೆ. ಕವಲಿಲ್ಲ, ಎರಡನೇ ಕೊಡಗಿಲ್ಲ. ಮನೆ ಬೀಳುತ್ತದೆ, ಪುಟ ಖಾಲಿ ಇರುತ್ತದೆ. ಆದರೆ ಯಾಕೆ ಹಾಗಾಯಿತು ಎಂಬುದರಲ್ಲಿ ಅವನ ಕೈಯೂ ಇರಬಹುದು.

ಮಕ್ಕಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹುಡುಗಿ ಎದ್ದು ಒಳಕೋಣೆಗೆ ಹೋದಳು. ಅಮ್ಮ ಇನ್ನೂ ಮಲಗಿರಲಿಲ್ಲ.

"ಅಜ್ಜಿ, ಅವತ್ತು ರಾತ್ರಿ ಬಾಗಿಲು ಬಡಿದೋರು ಯಾರು?"

"ಯಾರೋ ಮಗಾ. ಮೇಲಿನ ಮನೆಯವರೇನೋ ಅಂದ್ಕೊಂಡ್ವಿ. ಆಮೇಲೆ ಕೇಳಿದ್ರೆ ಅವರಲ್ಲವಂತೆ. ಬಾಗಿಲು ತೆಗೆಯೋ ಹೊತ್ತಿಗೆ ಯಾರೂ ಇರಲಿಲ್ಲ, ಮಳೆ ಒಂದೇ."

ಓಡಿ ಬಂದವಳ ಕಣ್ಣು ಅಷ್ಟಗಲ ಆಗಿತ್ತು. ಸಿನಿಮಾದ ಕೊನೆಯ ದೃಶ್ಯವನ್ನು ಆ ರಾತ್ರಿಯೇ ಅವಳು ಬರೆದಳು, ಮೇಣದ ಬತ್ತಿಯ ಬೆಳಕಿನಲ್ಲಿ, ಶಾಲೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ. ಕುಪ್ಯ ತೊಯ್ದು ಮೈಗೆ ಅಂಟಿದೆ. ಹಿಂದಿನ ಬರೆಯಲ್ಲಿ ಕಲ್ಲು ಉರುಳುವ ಸದ್ದು. ಕಾಲಪ್ಪ ಎರಡೂ ಕೈಯಲ್ಲಿ ಬಾಗಿಲು ಬಡಿಯುತ್ತಾನೆ. ಒಳಗೆ ದೀಪ ಹತ್ತಿದ್ದು ಕಿಟಕಿಯಲ್ಲಿ ಕಾಣುತ್ತದೆ, ಚಿಲಕ ಸರಿದ ಸದ್ದು ಕೇಳುತ್ತದೆ. ಅವನು ಅಲ್ಲಿ ನಿಲ್ಲುವುದಿಲ್ಲ. ಅವನ ಮುಖವನ್ನು ಅಜ್ಜಿ ನೋಡಿಲ್ಲವಲ್ಲ, ಅದಕ್ಕೆ.