ಹಳೆ ಮರಗೆಲಸದ ಮೆಷಿನ್‌ಗೆ ಎಷ್ಟು ಕೊಡಬಹುದು?

ಓದುಗರ ಪ್ರಶ್ನೆ: ನಮ್ಮ ಮನೆ ಮೈಸೂರಿನ ಕುವೆಂಪುನಗರದಲ್ಲಿ, 40×60 ಸೈಟ್. ಹಿಂಭಾಗದಲ್ಲಿ 12 ಅಡಿ ಅಗಲ, 22 ಅಡಿ ಉದ್ದದ ಶೆಡ್ ಖಾಲಿ ಇದೆ. ರಿಟೈರ್ ಆಗುವಷ್ಟರಲ್ಲಿ ಅಲ್ಲೊಂದು ಒಳ್ಳೆಯ ಮರಗೆಲಸದ ಶಾಪ್ ಮಾಡಬೇಕು ಅಂತ ಬಹಳ ಆಸೆ. ಯೂರೋಪಿನ ಸ್ಲೈಡಿಂಗ್ ಟೇಬಲ್ ಸಾ (ಸರಿಯುವ ಮೇಜಿರುವ ಗರಗಸ) ವಿಡಿಯೊ ಹಾಕಿಕೊಂಡು ಕೂತರೆ ಹೊತ್ತು ಹೋಗೋದೇ ಗೊತ್ತಾಗಲ್ಲ. ಈಗ ಇಲ್ಲಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಮುಚ್ಚಿರುವ ಒಂದು ಫರ್ನಿಚರ್ ಘಟಕದವರು 12 ಇಂಚಿನ ಪ್ಲೇನರ್-ಥಿಕ್‌ನೆಸರ್ (ಮರದ ಮೈ ಸಪಾಟು ಮಾಡಿ, ದಪ್ಪ ಸಮ ಮಾಡುವ) ಮೆಷಿನನ್ನು 90,000 ರೂಪಾಯಿಗೆ ಕೊಡ್ತೀವಿ ಅಂತಿದ್ದಾರೆ. ಬೆಲೆ ಸರಿಯಾಗಿದೆಯಾ? ಹಳೇದು ತಗೊಳ್ಳಬಹುದಾ?

ಉತ್ತರ: ಹಳೇದು ತಗೊಳ್ಳಬಹುದು. ಅದರಲ್ಲೂ ನೀವು ಮೊದಲು ಪ್ಲೇನರ್ ಕಡೆ ನೋಡಿದ್ದು ತುಂಬಾ ಒಳ್ಳೆಯದಾಯಿತು. ಆದರೆ 90,000 ಅನ್ನುವುದು ಮಾರುವವರ ಲೆಕ್ಕ. ನಿಮ್ಮ ಲೆಕ್ಕವನ್ನು ನೀವೇ ಬೇರೆ ಹಾಕಬೇಕು. ಅದು ಕಷ್ಟವೇನಲ್ಲ.

ಪ್ಲೇನರ್‌ನಲ್ಲಿ ನೀವು ದುಡ್ಡು ಕೊಡುವುದು ಮುಖ್ಯವಾಗಿ ಎರಕದ ಕಬ್ಬಿಣಕ್ಕೆ. ಅಂದರೆ ಮರ ಸಾಗುವ ಆ ಭಾರದ ಮೇಜಿಗೆ, ಬೆಡ್‌ಗಳಿಗೆ. ಭಾರ ಇದ್ದರೆ ಅದುರು ಕಡಿಮೆ, ಅದುರು ಕಡಿಮೆಯಾದರೆ ಮರದ ಮೈ ನುಣುಪು. ಹೊಸ ಎರಕದೊಳಗೆ ಬಿಗಿತ ಉಳಿದಿರುತ್ತದೆ, ನಿಧಾನವಾಗಿ ಅದು ಸಡಿಲಗೊಳ್ಳುವಾಗ ಬೆಡ್ ಸ್ವಲ್ಪ ತಿರುಚಿಕೊಳ್ಳಬಹುದು. ಹಿಂದೆ ಒಳ್ಳೆಯ ಕಾರ್ಖಾನೆಗಳು ಎರಕ ಹೊಯ್ದು ತಿಂಗಳುಗಟ್ಟಲೆ ಹೊರಗೆ ಬಿಟ್ಟು ಆಮೇಲೆ ಮೈ ಕೊರೆಯುತ್ತಿದ್ದದ್ದು ಇದಕ್ಕೇ. ಇಪ್ಪತ್ತು ವರ್ಷ ದುಡಿದ ಬೆಡ್ ತಿರುಚುವಷ್ಟು ತಿರುಚಿ ಆಗಿರುತ್ತದೆ. ಇವತ್ತು ಸಪಾಟಾಗಿದ್ದರೆ ಮುಂದೆಯೂ ಸಪಾಟಾಗಿಯೇ ಇರುತ್ತದೆ ಅಂತ ನಂಬಬಹುದು. ಸವೆಯುವುದು ಬೇರಿಂಗ್, ಬೆಲ್ಟ್, ಬ್ಲೇಡ್. ಈ ಮೂರೂ ಅಂಗಡಿಯಲ್ಲಿ ಸಿಗುತ್ತವೆ.

ಇನ್ನೊಂದು ಕಾರಣವೂ ಇದೆ. ನಮ್ಮ ಕಡೆ ಮನೆ ಕೆಲಸ ಹೆಚ್ಚಾಗಿ ಪ್ಲೈವುಡ್, ಲ್ಯಾಮಿನೇಟ್‌ಗೆ ತಿರುಗಿದೆ. ಮಾಡ್ಯುಲರ್ ಅಡುಗೆಮನೆ ಮಾಡುವವರಿಗೆ ಹಾಳೆ ಕತ್ತರಿಸುವ ಪ್ಯಾನೆಲ್ ಸಾ ಬೇಕು, ಅಂಚಿಗೆ ಪಟ್ಟಿ ಅಂಟಿಸುವ ಎಡ್ಜ್ ಬ್ಯಾಂಡರ್ ಬೇಕು. ಗಟ್ಟಿ ಮರ ನಯ ಮಾಡುವ ಪ್ಲೇನರ್ ಮೂಲೆ ಸೇರುತ್ತದೆ. ಅದಕ್ಕೇ ಪ್ಯಾನೆಲ್ ಕೆಲಸದ ಮೆಷಿನ್‌ಗಳು ಹಳೇದಾದರೂ ಬೆಲೆ ಬಿಡುವುದಿಲ್ಲ, ಪ್ಲೇನರ್, ಥಿಕ್‌ನೆಸರ್‌ಗಳು ಚೌಕಾಸಿಗೆ ಬಗ್ಗುತ್ತವೆ. ತೇಗ, ಹೊನ್ನೆ, ಹಲಸಿನಲ್ಲಿ ಕುರ್ಚಿ, ಮೇಜು ಮಾಡಬೇಕು ಅನ್ನುವವರಿಗೆ ಇದು ಅನುಕೂಲವೇ.

ಈಗ ಬೆಲೆಗೆ ಬರೋಣ. ಮೊದಲು ಅದೇ ಅಳತೆಯ, ಅದೇ ದರ್ಜೆಯ ಹೊಸ ಮೆಷಿನ್‌ಗೆ ಲಿಖಿತ ಕೊಟೇಶನ್ ತರಿಸಿ. ಫೋನಿನಲ್ಲಿ ಹೇಳುವ ಬೆಲೆ ಬೇಡ. ಕೊಟೇಶನ್‌ನಲ್ಲಿ ಜಿಎಸ್‌ಟಿ ಸೇರಿದೆಯಾ ನೋಡಿ. ಮರಗೆಲಸದ ಯಂತ್ರಗಳಿಗೆ ಅದು 18%. ನೋಂದಾಯಿತ ವ್ಯಾಪಾರಿಗೆ ಆ ತೆರಿಗೆ ಮುಂದೆ ಹೊಂದಾಣಿಕೆಯಾಗುತ್ತದೆ, ಮನೆಯಲ್ಲಿ ಹವ್ಯಾಸಕ್ಕೆ ಕೊಳ್ಳುವ ನಿಮಗೆ ಅದು ಪೂರ್ತಿ ಖರ್ಚು. ಹಾಗಾಗಿ ತೆರಿಗೆ ಸೇರಿದ ಮೊತ್ತವನ್ನೇ ಹಿಡಿಯಬೇಕು.

ಉದಾಹರಣೆಗೆ ಕೊಟೇಶನ್ 1,50,000 ಬಂತು ಅಂತಿಟ್ಟುಕೊಳ್ಳಿ. ತೆರಿಗೆ ಸೇರಿ 1,77,000. ಹಳೆ ಮೆಷಿನ್ ನಿಮ್ಮ ಶೆಡ್‌ನಲ್ಲಿ ನಿಂತು, ರಿಪೇರಿಯಾಗಿ, ಮರ ಕೆತ್ತಲು ಸಿದ್ಧವಾಗುವ ಹೊತ್ತಿಗೆ ಒಟ್ಟು ಖರ್ಚು ಹೊಸದರ 60% ದಾಟಬಾರದು ಅನ್ನುವುದು ನನ್ನ ಅಭಿಪ್ರಾಯ. ಅದಕ್ಕಿಂತ ಜಾಸ್ತಿ ಕೊಡುವುದಾದರೆ ಗ್ಯಾರಂಟಿ, ಬಿಲ್ಲು, ನೆಮ್ಮದಿ ಸಿಗುವ ಹೊಸದನ್ನೇ ತನ್ನಿ. 1,77,000ದ 60% ಅಂದರೆ 1,06,200. ಇದರಲ್ಲಿ ಲೋಡಿಂಗ್, ಸಾಗಣೆಗೆ 8,000, ಬೇರಿಂಗ್, ಬೆಲ್ಟ್, ಬ್ಲೇಡಿಗೆ 12,000, ಕರೆಂಟಿನ ಕೆಲಸಕ್ಕೆ 20,000 ಕಳೆಯಿರಿ. ಉಳಿಯುವುದು 66,200. ಮೆಷಿನ್‌ಗೆ ನೀವು ಕೊಡಬಹುದಾದ ಗರಿಷ್ಠ ಅದು. ನಿಮ್ಮ ಕೈಗೆ ಬರುವ ಅಂಕಿಗಳು ಬೇರೆ ಇರಬಹುದು, ದಾರಿ ಮಾತ್ರ ಇದೇ.

ಕೆಳಗಿನ ಮಿತಿಯೂ ಗೊತ್ತಿರಲಿ. ಅದು ಗುಜರಿ ಬೆಲೆ. ಮೆಷಿನ್ 450 ಕೆ.ಜಿ. ತೂಗಿ, ಆ ದಿನದ ಎರಕದ ಗುಜರಿ ದರ ಕೆ.ಜಿ.ಗೆ 35 ರೂಪಾಯಿ ಇದ್ದರೆ 15,750 ಆಗುತ್ತದೆ. ಮಾರುವವರು ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ, ಇಳಿಯಿರಿ ಅಂತ ಕೇಳುವುದೂ ಸರಿಯಲ್ಲ. ನಿಮ್ಮ ಮಾತುಕತೆ ಈ ಎರಡು ಅಂಕಿಗಳ ನಡುವೆ ನಡೆಯಬೇಕು.

ಎಲ್ಲಿ ನಿಲ್ಲಬೇಕು ಅನ್ನುವುದನ್ನು ಮೆಷಿನ್‌ನ ಸ್ಥಿತಿ ಹೇಳುತ್ತದೆ. ನೋಡಲು ಹೋಗುವಾಗ ಒಂದು ಒಳ್ಳೆಯ ಸ್ಟ್ರೈಟ್ ಎಡ್ಜ್ (ನೇರ ಲೋಹದ ಪಟ್ಟಿ), ಫೀಲರ್ ಗೇಜ್ (ಸಂದು ಅಳೆಯುವ ತೆಳು ಹಾಳೆಗಳು), ದಪ್ಪ ಅಳೆಯಲು ವರ್ನಿಯರ್, ನಾಲ್ಕಡಿ ಉದ್ದದ ಎರಡು ಹಲಗೆ ತೆಗೆದುಕೊಂಡು ಹೋಗಿ. ಪರಿಚಯದ ಆಚಾರ್ರು ಯಾರಾದರೂ ಇದ್ದರೆ ಜೊತೆಗೆ ಕರೆದುಕೊಂಡು ಹೋಗಿ. ಅವರ ಕಿವಿಗೆ ಕೇಳುವುದು ನಮಗೆ ಕೇಳುವುದಿಲ್ಲ.

ಮೊದಲು ಬೆಲ್ಟ್ ಬಿಚ್ಚಿಸಿ, ಬ್ಲೇಡುಗಳಿಂದ ಬೆರಳು ದೂರ ಇಟ್ಟು ಕಟರ್ ಬ್ಲಾಕನ್ನು (ಬ್ಲೇಡುಗಳನ್ನು ಹಿಡಿದು ತಿರುಗುವ ಭಾಗ) ಪುಲ್ಲಿಯಿಂದ ತಿರುಗಿಸಿ. ಎಣ್ಣೆ ಹಾಕಿದ ಹಾಗೆ ಸಲೀಸಾಗಿ ತಿರುಗಬೇಕು. ಗರಗರ ಅಂದರೆ ಬೇರಿಂಗ್ ಹೋಗಿದೆ. ಅಷ್ಟಕ್ಕೇ ಬೇಡ ಅನ್ನಬೇಡಿ. ಬೇರಿಂಗ್‌ಗಳು ಸಾಮಾನ್ಯವಾಗಿ 6205ರಂಥ ಮಾಮೂಲಿ ನಂಬರಿನವು, ಬದಲಾಯಿಸಬಹುದು. ಬ್ಲಾಕನ್ನು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿದಾಗ ಬೇರಿಂಗ್ ಕೂರುವ ಮನೆಯೇ ಸಡಿಲವಾಗಿದ್ದರೆ ಮಾತ್ರ ಖರ್ಚು ದೊಡ್ಡದು.

ಆಮೇಲೆ ಬೆಡ್. ಸ್ಟ್ರೈಟ್ ಎಡ್ಜನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ನೋಡಿ. ಅದರಡಿ ಫೀಲರ್ ಗೇಜಿನ 0.1 ಮಿ.ಮೀ. ಹಾಳೆ ನುಗ್ಗದಿದ್ದರೆ ಸಂತೋಷವಾಗಿ ಮುಂದೆ ಹೋಗಿ. ಮೇಲೆ ಹಿಡಿದ ತುಕ್ಕು ದೊಡ್ಡ ವಿಷಯವಲ್ಲ, ಉಜ್ಜಿದರೆ ಹೋಗುತ್ತದೆ. ಬಿರುಕು ದೊಡ್ಡ ವಿಷಯ. ಫೆನ್ಸ್ (ಹಲಗೆಗೆ ಪಕ್ಕದ ಆಸರೆ) ಕೂರುವ ಜಾಗ, ಬೆಡ್ ಏರಿಸಿ ಇಳಿಸುವ ಸ್ಕ್ರೂ ಹಿಡಿದಿರುವ ಕಿವಿಗಳು, ಕಾಲುಗಳ ಬುಡ, ಇಲ್ಲಿ ಬೆಸುಗೆ ಗುರುತು ಇದೆಯಾ ನೋಡಿ. ಎರಕದ ಕಬ್ಬಿಣದ ಬೆಸುಗೆ ನಂಬುವಂಥದ್ದಲ್ಲ.

ಇನ್ನು ನಿಜವಾದ ಪರೀಕ್ಷೆ. ಎರಡೂ ಹಲಗೆಯ ಒಂದೊಂದು ಅಂಚನ್ನು ಪ್ಲೇನರ್ ಮೇಲೆ ಓಡಿಸಿ. ಒಂದರ ಅಂಚಿನ ಮೇಲೆ ಇನ್ನೊಂದರ ಅಂಚು ನಿಲ್ಲಿಸಿ ಕಿಟಕಿ ಬೆಳಕಿಗೆ ಹಿಡಿಯಿರಿ. ನಡುವೆ ಅಥವಾ ತುದಿಯಲ್ಲಿ ಬೆಳಕು ಕಂಡರೆ ಎರಡು ಬೆಡ್‌ಗಳು ಒಂದೇ ಸಮದಲ್ಲಿ ಇಲ್ಲ, ಇಲ್ಲವೇ ಬ್ಲೇಡಿನ ಎತ್ತರ ತಪ್ಪಿದೆ. ಇಲ್ಲಿ ತಪ್ಪು ಎರಡರಷ್ಟಾಗಿ ಕಾಣುವುದರಿಂದ ಕಣ್ಣು ಮೋಸ ಹೋಗುವುದಿಲ್ಲ. ಆಮೇಲೆ ಥಿಕ್‌ನೆಸರ್‌ನ ಎಡ ತುದಿಯಲ್ಲಿ ಒಂದು ಪಟ್ಟಿ, ಬಲ ತುದಿಯಲ್ಲಿ ಒಂದು ಪಟ್ಟಿ ಒಟ್ಟಿಗೆ ಬಿಟ್ಟು, ಎರಡರ ದಪ್ಪ ಒಂದೇ ಇದೆಯಾ ಅಳೆಯಿರಿ. ಕೊನೆಗೆ ಮೋಟಾರ್ ಆಫ್ ಮಾಡಿಸಿ, ನಿಲ್ಲುವವರೆಗೂ ಸುಮ್ನೆ ಕೇಳುತ್ತಾ ನಿಂತುಕೊಳ್ಳಿ. ಓಡುವಾಗ ಮೋಟಾರ್ ಸದ್ದಿನಲ್ಲಿ ಮುಚ್ಚಿಹೋಗುವ ಬೇರಿಂಗ್ ಸದ್ದು ಆಗ ಕೇಳಿಸುತ್ತದೆ.

ಒಂದು ವಿಷಯದಲ್ಲಿ ರಾಜಿ ಬೇಡವೇ ಬೇಡ. ಕಟರ್ ಬ್ಲಾಕ್ ದುಂಡಗಿರಬೇಕು. ತುಂಬಾ ಹಳೆಯ ಮೆಷಿನ್‌ಗಳಲ್ಲಿ ಚೌಕದ ಬ್ಲಾಕ್ ಇರುತ್ತದೆ. ದುಂಡನೆಯದರಲ್ಲಿ ಬೆರಳು ತಗುಲಿದರೆ ಗಾಯ, ಚೌಕದಲ್ಲಿ ಬ್ಲೇಡುಗಳ ನಡುವಿನ ಹಳ್ಳಕ್ಕೆ ಬೆರಳು ಎಳೆದುಕೊಂಡು ಹೋಗುತ್ತದೆ. ಚೌಕದ ಬ್ಲಾಕ್ ಕಂಡರೆ ಪುಕ್ಕಟೆ ಕೊಟ್ಟರೂ ತರಬೇಡಿ. ಹಾಗೇ ಬ್ಲೇಡಿನ ಮೇಲಿನ ಗಾರ್ಡ್, ಬೆಲ್ಟ್ ಮುಚ್ಚುವ ತಗಡು ಎಷ್ಟೋ ಕಡೆ ಕಳೆದುಹೋಗಿರುತ್ತದೆ. ಅದನ್ನು ಮಾಡಿಸುವ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ.

ಕರೆಂಟ್ ವಿಷಯವನ್ನು ಬಹಳ ಜನ ಮೆಷಿನ್ ಮನೆಗೆ ಬಂದ ಮೇಲೆ ಯೋಚಿಸುತ್ತಾರೆ. ಕಾರ್ಖಾನೆಯ ಮೋಟಾರ್ ಬಹುತೇಕ ತ್ರೀ ಫೇಸ್, ನಿಮ್ಮ ಮನೆಯದು ಸಿಂಗಲ್ ಫೇಸ್ ಇರಬಹುದು. ಮೋಟಾರ್ ಮೇಲಿನ ತಗಡಿನ ಫೋಟೊ ತೆಗೆದುಕೊಳ್ಳಿ. 3 ಎಚ್‌ಪಿ ಅಂದರೆ ಸುಮಾರು 2.2 ಕಿಲೋವಾಟ್, ಸಿಂಗಲ್ ಫೇಸ್ ಮನೆಗೆ ಹೆಚ್ಚುಕಡಿಮೆ ಅಲ್ಲಿಗೇ ಮಿತಿ. ನಮ್ಮಲ್ಲಿ 3 ಎಚ್‌ಪಿವರೆಗಿನ ತ್ರೀ ಫೇಸ್ ಮೋಟಾರ್‌ಗಳನ್ನು ಸಾಮಾನ್ಯವಾಗಿ 415 ವೋಲ್ಟಿಗೆ ಸ್ಟಾರ್ ಕನೆಕ್ಷನ್‌ನಲ್ಲಿ ಕಟ್ಟಿರುತ್ತಾರೆ. ಟರ್ಮಿನಲ್ ಬಾಕ್ಸ್‌ನಲ್ಲಿ ಆರು ತುದಿ ಹೊರಗೆ ಬಂದಿದ್ದರೆ ಡೆಲ್ಟಾ ಅನ್ನುವ ಇನ್ನೊಂದು ಕನೆಕ್ಷನ್‌ಗೆ ಬದಲಿಸಿ, 230 ವೋಲ್ಟ್ ಸಿಂಗಲ್ ಫೇಸ್ ತೆಗೆದುಕೊಂಡು ತ್ರೀ ಫೇಸ್ ಕೊಡುವ ವಿಎಫ್‌ಡಿ ಅನ್ನುವ ಸಾಧನ ಹಾಕಿ ಓಡಿಸಬಹುದು. ಮೋಟಾರ್ ನಿಧಾನವಾಗಿ ಸ್ಟಾರ್ಟ್ ಆಗುವುದರಿಂದ ಮನೆಯ ದೀಪ ಮಂಕಾಗುವುದೂ ಇಲ್ಲ. ಈ ಬದಲಾವಣೆಯನ್ನು ತಿಳಿದ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಸೆಸ್ಕ್ (ಮೈಸೂರು ಭಾಗದ ವಿದ್ಯುತ್ ಕಂಪನಿ) ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ, ಸಾಲದಿದ್ದರೆ ಹೆಚ್ಚಿಸಿಕೊಳ್ಳಿ. ಮುಂದೆ ದುಡ್ಡಿಗೆ ಆರ್ಡರ್ ಹಿಡಿಯುವ ಯೋಚನೆ ಇದ್ದರೆ ಗೃಹಬಳಕೆಯ ಸಂಪರ್ಕ ನಡೆಯುವುದಿಲ್ಲ ಅನ್ನುವುದೂ ನೆನಪಿರಲಿ.

ಅಮೆರಿಕದಿಂದ ವಾಪಸ್ ಬಂದವರು ಕಂಟೇನರ್‌ನಲ್ಲಿ ತಂದ ಟೇಬಲ್ ಸಾ ಮಾರಾಟಕ್ಕೆ ಬಂದರೆ ಇನ್ನೊಂದು ಎಚ್ಚರಿಕೆ. ಅಲ್ಲಿನ ಕರೆಂಟ್ 60 ಹರ್ಟ್ಸ್, ನಮ್ಮದು 50. ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟೇಜ್ ಬದಲಾಗುತ್ತದೆಯೇ ಹೊರತು ಹರ್ಟ್ಸ್ ಬದಲಾಗುವುದಿಲ್ಲ. ನಿಮಿಷಕ್ಕೆ 3450 ಸುತ್ತಿನ ಇಂಡಕ್ಷನ್ ಮೋಟಾರ್ ಇಲ್ಲಿ ಸುಮಾರು 2875 ಸುತ್ತು ತಿರುಗುತ್ತದೆ, ಬೇಗ ಬಿಸಿಯಾಗುತ್ತದೆ. ಮೋಟಾರನ್ನೇ ಬದಲಿಸುವ ಖರ್ಚು ಕಳೆದು ಬೆಲೆ ಕೇಳಿ.

ನಿಮ್ಮ ಸ್ಲೈಡಿಂಗ್ ಸಾ ಆಸೆಯ ಬಗ್ಗೆಯೂ ಹೇಳಬೇಕು. ಜರ್ಮನಿಯ ವಿಲ್ಹೆಲ್ಮ್ ಆಲ್ಟೆಂಡಾರ್ಫ್ 1906ರಲ್ಲಿ ಅದನ್ನು ರೂಪಿಸಿದರು. ಇವತ್ತಿಗೂ ಆ ಹೆಸರಿನ ಮೆಷಿನ್‌ಗಳು, ಆಸ್ಟ್ರಿಯಾದ ಫೆಲ್ಡರ್, ಇಟಲಿಯ ಎಸ್‌ಸಿಎಂ ನೋಡಿದರೆ ಯಾರಿಗಾದರೂ ಮನಸ್ಸು ಹೋಗುತ್ತದೆ. ಆದರೆ ಪೂರ್ತಿ ಅಳತೆಯ ಸಾ ಮೇಲಿನ ಮೇಜು 3.2 ಮೀಟರ್ ಉದ್ದ. ಅದು ಹಿಂದೆ ಮುಂದೆ ಸರಿಯಲು 21 ಅಡಿಗೂ ಹೆಚ್ಚು ಬೇಕು. ನಿಮ್ಮ 22 ಅಡಿ ಶೆಡ್ ಅದೊಂದರಿಂದಲೇ ತುಂಬಿಹೋಗುತ್ತದೆ. ಅದರ ಮುಖ್ಯ ಕೆಲಸ 8×4 ಪ್ಲೈವುಡ್ ಹಾಳೆ ಕತ್ತರಿಸುವುದು. ನೀವು ಅಪರೂಪಕ್ಕೆ ಪ್ಲೈವುಡ್ ಮುಟ್ಟುವುದಾದರೆ ಹಳಿಯ ಮೇಲೆ ಸರಿಯುವ ಕೈ ಗರಗಸ, ಅಂದರೆ ಟ್ರ್ಯಾಕ್ ಸಾ ಸಾಕು, ಗೋಡೆಗೆ ನೇತುಹಾಕಬಹುದು. ಆಸೆ ಬಿಡಿ ಅಂತ ಹೇಳುತ್ತಿಲ್ಲ. ಚಿಕ್ಕ ಮೇಜಿನ ಸ್ಲೈಡರ್‌ಗಳೂ ಇವೆ. ಬೆಂಗಳೂರಿನಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಇಂಡಿಯಾವುಡ್ ಮೇಳಕ್ಕೆ ಹೋಗಿ ಕಣ್ಣಾರೆ ನೋಡಿ. ಪ್ರದರ್ಶನಕ್ಕಿಟ್ಟ ಮೆಷಿನ್ ಮಾರಾಟಕ್ಕಿದೆಯಾ ಅಂತ ಧೈರ್ಯವಾಗಿ ಕೇಳಿ. ನಮ್ಮ ಮೈಸೂರಿನ ಬೀಟೆ ಮರದ ಇನ್ಲೇ ಕೆಲಸಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಅದರ ನಾಜೂಕು ಬರುವುದು ಸಣ್ಣ ಗರಗಸ, ಉಳಿ ಹಿಡಿದ ಕೈಯಿಂದ. ಶಾಪ್ ಎಷ್ಟು ಉತ್ತಮ ಅನ್ನುವುದನ್ನು ಎಚ್‌ಪಿಯಲ್ಲಿ ಅಳೆಯಬೇಕಿಲ್ಲ.

ಪ್ಲೇನರ್‌ನಲ್ಲಿ ಉಳಿದ ದುಡ್ಡನ್ನು ಧೂಳು ಹೀರುವ ಯಂತ್ರಕ್ಕೆ ಹಾಕಿ, ಅದನ್ನು ಹೊಸದೇ ತನ್ನಿ. ಮರದ ಧೂಳು ಕ್ಯಾನ್ಸರ್ ತರುವ ವಸ್ತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ ಪಟ್ಟಿ ಮಾಡಿದೆ. ಬೀಟೆಯ ಧೂಳು ಕೆಲವರಿಗೆ ಚರ್ಮಕ್ಕೂ ಆಗಿಬರುವುದಿಲ್ಲ. ರಿಟೈರ್ ಆದ ಮೇಲೆ ದಿನವಿಡೀ ಅಲ್ಲೇ ಇರುತ್ತೀರಿ ಅಲ್ವಾ, ಶ್ವಾಸಕೋಶ ಗಟ್ಟಿಯಾಗಿರಬೇಕು. ತೇಗದಲ್ಲಿ ಸಿಲಿಕಾ ಇರುವುದರಿಂದ ಬ್ಲೇಡ್ ಬೇಗ ಮೊಂಡಾಗುತ್ತದೆ, ಒಂದು ಜೊತೆ ಹೆಚ್ಚಿಗೆ ಇಟ್ಟುಕೊಳ್ಳಿ.

ಬ್ಯಾಂಡ್ ಸಾ (ಪಟ್ಟಿಯಂಥ ಬ್ಲೇಡ್ ಸುತ್ತುವ ಗರಗಸ) ತರುವ ಮುನ್ನ ಅರಣ್ಯ ಇಲಾಖೆಯ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ. ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿ ಮರ ಕೊಯ್ಯುವ ಘಟಕಗಳಿಗೆ ಪರವಾನಗಿ ಕೇಳುತ್ತದೆ. ಬ್ಯಾಂಡ್ ಸಾ ಆಗಲಿ, 30 ಸೆಂ.ಮೀ.ಗಿಂತ ದೊಡ್ಡ ಸರ್ಕ್ಯುಲರ್ ಸಾ ಆಗಲಿ ಇದ್ದರೆ ಆ ಪ್ರಶ್ನೆ ಬರುತ್ತದೆ. ಪ್ಲೇನರ್‌ಗೆ ಈ ತಲೆನೋವಿಲ್ಲ.

ಕೊನೆಯದಾಗಿ ಹೆಬ್ಬಾಳದ ಆ ಘಟಕಕ್ಕೆ ಫೋನ್ ಮಾಡಿದಾಗ ಮೊದಲು ಕೇಳಬೇಕಾದ್ದು, ಅಲ್ಲಿ ಈಗ ಕರೆಂಟ್ ಇದೆಯಾ ಅಂತ. ಮುಚ್ಚಿದ ಘಟಕಗಳಲ್ಲಿ ಎಷ್ಟೋ ಸಲ ಸಂಪರ್ಕ ಕಡಿದಿರುತ್ತದೆ, ಮೆಷಿನ್ ಓಡಿಸಿ ತೋರಿಸಲು ಆಗುವುದಿಲ್ಲ. ಜನರೇಟರ್ ತರಿಸುವುದಾದರೆ ಬಾಡಿಗೆ ನೀವೇ ಕೊಡಿ, ಆ ದುಡ್ಡು ವ್ಯರ್ಥವಲ್ಲ. ಅದೂ ಆಗದಿದ್ದರೆ ಮೋಟಾರ್ ಸುಟ್ಟಿದೆ ಅಂತಲೇ ಲೆಕ್ಕ ಹಿಡಿದು, ಹೊಸ ಮೋಟಾರಿನ ಬೆಲೆಯನ್ನು ನಿಮ್ಮ ಗರಿಷ್ಠ ಮೊತ್ತದಿಂದ ಕಳೆದು, ಉಳಿದದ್ದನ್ನು ಹೇಳಿ.